ಮಸ್ಕ್ ರಾಕೆಟ್ ಹಾರಿದರೆ ಸಿಂಧನೂರಿನ ರೈತನಿಗೆ ಏನು ಬಂತು?

ಪ್ರಶ್ನೆ: ಎಲಾನ್ ಮಸ್ಕ್, ಜೆಫ್ ಬೆಜೋಸ್ ಅಂಥವರು ಸಾವಿರಾರು ಕೋಟಿ ಸುರಿದು ರಾಕೆಟ್ ಹಾರಿಸುತ್ತಿದ್ದಾರೆ. ಇದು ಎಲ್ಲರಿಗೂ ಒಳ್ಳೆಯದು ಅಂತ ಕೆಲವರು, ಬರೀ ಶ್ರೀಮಂತರ ಆಟ ಅಂತ ಕೆಲವರು. ನಮ್ಮ ರಾಯಚೂರು, ಕೊಪ್ಪಳ ಕಡೆಯ ಸಾಮಾನ್ಯ ಜನಕ್ಕೆ ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ಅದು ತಾನಾಗಿಯೇ ಬಂದಿದ್ದಲ್ಲ. ಸರ್ಕಾರಗಳು ಜನರ ದುಡ್ಡು ಕೊಟ್ಟು, ಏನು ಬೇಕು ಅಂತ ಮೊದಲೇ ಬರೆಸಿಕೊಂಡು, ಕೆಲಸ ಆದಷ್ಟಕ್ಕೆ ಮಾತ್ರ ಬಿಲ್ ಚುಕ್ತಾ ಮಾಡಿದ ಕಡೆ ಜನಕ್ಕೆ ಲಾಭ ಆಗಿದೆ. ದೊಡ್ಡವರು ಏನೋ ಮಾಡುತ್ತಾರೆ, ಮಾಡಲಿ ಬಿಡು ಅಂತ ಸುಮ್ನೆ ಕೂತ ಕಡೆ ಆಗಿಲ್ಲ. ಹೀಗೆ ಯಾಕೆ ಹೇಳುತ್ತಿದ್ದೇನೆ ಅನ್ನೋದಕ್ಕೆ ನಮ್ಮ ಜಿಲ್ಲೆಯದೇ ಒಂದು ಹಳೆಯ ಸಂಗತಿಯಿಂದ ಶುರು ಮಾಡುತ್ತೇನೆ. ನಮ್ಮ ಕಡೆಯ ಹುಡುಗರಲ್ಲಿ ತುಂಬಾ ಜನರಿಗೆ ಇದು ಗೊತ್ತೇ ಇಲ್ಲ.

1975ರ ಆಗಸ್ಟ್ 1ರಂದು ರಾಯಚೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಅನ್ನೋ ಉಪಗ್ರಹವನ್ನು ಭಾರತ ಒಂದು ವರ್ಷದ ಮಟ್ಟಿಗೆ ಬಳಸಿಕೊಂಡಿತ್ತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ಅದರಲ್ಲಿ ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಈ ಯೋಜನೆಗೆ ಸೈಟ್ ಅಂತ ಹೆಸರು, ಇಲ್ಲಿ ನಡೆಸಿದ್ದು ನಮ್ಮ ಇಸ್ರೋ. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳು ಆಕಾಶದಿಂದ ಬಂದ ಟಿವಿ ನೋಡಿದ್ದವು ಅಂದರೆ ಇವತ್ತಿಗೂ ನನಗೆ ಹೆಮ್ಮೆ ಅನಿಸುತ್ತದೆ.

ಆದರೆ ಒಂದು ವರ್ಷ ಅಷ್ಟೇ. 1976ರ ಜುಲೈ 31ಕ್ಕೆ ಯೋಜನೆ ಮುಗಿಯಿತು, ಉಪಗ್ರಹವನ್ನು ಅಮೆರಿಕ ತನ್ನ ಕಡೆಗೆ ಸರಿಸಿಕೊಂಡಿತು. ಯಾರೂ ಮೋಸ ಮಾಡಲಿಲ್ಲ, ಒಪ್ಪಂದದಲ್ಲಿ ಇದ್ದದ್ದೇ ಹಾಗೆ. ಆದರೂ ಬೇರೆಯವರ ಉಪಗ್ರಹ ಬೇರೆಯವರದೇ, ಅವರಿಗೆ ಬೇಕಾದಾಗ ಹೋಗುತ್ತದೆ ಅನ್ನೋದು ಇಡೀ ದೇಶಕ್ಕೆ ಗೊತ್ತಾಯಿತು. ಆಮೇಲೆ ಬಂದಿದ್ದು ನಮ್ಮದೇ ಉಪಗ್ರಹಗಳ ಸಾಲು, ಇನ್‌ಸ್ಯಾಟ್. 1982ರಲ್ಲಿ ಹೋದ ಇನ್‌ಸ್ಯಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರಲ್ಲಿ ಇನ್‌ಸ್ಯಾಟ್-1ಬಿ ನಿಂತಿತು. ಇಲ್ಲಿ ಒಂದು ವಿಷಯ ಗಮನಿಸಿ: ಆ ಮೊದಲ ಇನ್‌ಸ್ಯಾಟ್‌ಗಳನ್ನು ಕಟ್ಟಿಕೊಟ್ಟಿದ್ದು ಫೋರ್ಡ್ ಏರೋಸ್ಪೇಸ್ ಅನ್ನೋ ಅಮೆರಿಕದ ಖಾಸಗಿ ಕಂಪನಿ. ಕಟ್ಟಿದವರು ಖಾಸಗಿಯವರು, ದುಡ್ಡು ಕೊಟ್ಟವರು ನಾವು, ಯಜಮಾನರೂ ನಾವೇ. ಹಾಗಾಗಿ ಖಾಸಗಿಯವರು ಬಂದರೆ ಎಲ್ಲಾ ಹಾಳು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ವಸ್ತು ಯಾರದು, ಅದನ್ನು ನಿಲ್ಲಿಸುವ ಅಧಿಕಾರ ಯಾರದು, ಇದೇ ನೋಡಬೇಕಾದದ್ದು.

ಈಗ ಮಸ್ಕ್ ವಿಷಯಕ್ಕೆ ಬರೋಣ. ಒಬ್ಬ ಶ್ರೀಮಂತ ತನ್ನ ಜೇಬಿನ ದುಡ್ಡಲ್ಲಿ ಸರ್ಕಾರಕ್ಕೆ ಆಗದ್ದನ್ನು ಮಾಡಿ ತೋರಿಸಿದ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಅದು ಅರ್ಧ ನಿಜ. 2002ರಲ್ಲಿ ಸ್ಪೇಸ್‌ಎಕ್ಸ್ ಶುರು ಮಾಡಿದಾಗ ಮಸ್ಕ್ ಸ್ವಂತ ದುಡ್ಡು ಹಾಕಿದ್ದು ಹೌದು. ಆದರೆ 2006ರಲ್ಲೇ ನಾಸಾ ಆ ಕಂಪನಿಗೆ 27.8 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತ್ತು. ಮೊದಲ ಮೂರು ರಾಕೆಟ್ ಬಿದ್ದವು. 2008ರ ಸೆಪ್ಟೆಂಬರ್ 28ರಂದು ನಾಲ್ಕನೆಯದು ಕಕ್ಷೆ ಸೇರಿತು. ಅಷ್ಟೊತ್ತಿಗೆ ಕಂಪನಿಯ ದುಡ್ಡು ಖಾಲಿಯಾಗುತ್ತಾ ಬಂದಿತ್ತು. ಅದೇ ಡಿಸೆಂಬರ್‌ನಲ್ಲಿ ನಾಸಾ, ಬಾಹ್ಯಾಕಾಶ ನಿಲ್ದಾಣಕ್ಕೆ 12 ಸಲ ಸಾಮಾನು ಸಾಗಿಸೋದಕ್ಕೆ 160 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು. ನಾಸಾ ಇಲ್ಲದಿದ್ದರೆ ತಮ್ಮ ಕಂಪನಿ ಇಷ್ಟು ದೂರ ಬರುತ್ತಿರಲಿಲ್ಲ ಅಂತ ಮಸ್ಕ್ ಅವರೇ ಹೇಳಿದ್ದಾರೆ. ನಾಸಾ ದುಡ್ಡು ಅಂದರೆ ಅಮೆರಿಕದ ಜನರ ತೆರಿಗೆ ದುಡ್ಡು.

ಹಾಗಂತ ಆ ಜನರಿಗೆ ನಷ್ಟ ಆಯಿತಾ? ಇಲ್ಲ, ಒಳ್ಳೆಯ ಲಾಭವೇ ಆಯಿತು. ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ ಅನ್ನು ತನ್ನ ಹಳೆಯ ಪದ್ಧತಿಯಲ್ಲಿ ಮಾಡಿಸಿದ್ದರೆ ಸುಮಾರು 400 ಕೋಟಿ ಡಾಲರ್ ಆಗುತ್ತಿತ್ತು ಅಂತ ನಾಸಾನೇ 2011ರಲ್ಲಿ ಅಂದಾಜು ಮಾಡಿತು. ಸ್ಪೇಸ್‌ಎಕ್ಸ್ ಹೇಳಿದ ಖರ್ಚು ಸುಮಾರು 30 ಕೋಟಿ. ಆಮೇಲೆ 2015ರ ಡಿಸೆಂಬರ್‌ನಲ್ಲಿ ಅದೇ ರಾಕೆಟ್‌ನ ಕೆಳಭಾಗ ಉಪಗ್ರಹಗಳನ್ನು ಕಕ್ಷೆಗೆ ಕಳಿಸಿ ವಾಪಸ್ ಬಂದು ನೆಲದ ಮೇಲೆ ನೆಟ್ಟಗೆ ನಿಂತಿತು, 2017ರಲ್ಲಿ ಒಮ್ಮೆ ಬಳಸಿದ ರಾಕೆಟ್ಟೇ ಮತ್ತೆ ಹಾರಿತು. ಈ ಸಾಧನೆಯನ್ನು ಸಣ್ಣದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಆ ಎಂಜಿನಿಯರ್‌ಗಳ ಶ್ರಮಕ್ಕೆ ನನಗೆ ಬಹಳ ಗೌರವ ಇದೆ.

ಗಗನಯಾತ್ರಿಗಳನ್ನು ಕಳಿಸುವ ಕೆಲಸದಲ್ಲಂತೂ ನಾಸಾ ಜಾಣತನ ಮಾಡಿತು. 2011ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ನೌಕೆಗಳು ನಿವೃತ್ತಿ ಆದವು. ಅಲ್ಲಿಂದ ಒಂಬತ್ತು ವರ್ಷ ಹತ್ತಿರ ಅವರು ರಷ್ಯಾದ ಸೋಯುಜ್ ನೌಕೆಯಲ್ಲಿ ಸೀಟು ಕೊಂಡು ಹೋಗಬೇಕಾಯಿತು. ಬೇರೆ ದಾರಿ ಇರಲಿಲ್ಲ, ಹಾಗಾಗಿ ರೇಟು ಏರುತ್ತಲೇ ಹೋಗಿ ಕೊನೆಗೆ ಒಂದು ಸೀಟಿಗೆ 9 ಕೋಟಿ ಡಾಲರ್ ದಾಟಿತು. 2014ರಲ್ಲಿ ನಾಸಾ ಈ ಕೆಲಸವನ್ನು ಒಬ್ಬರಿಗೆ ಕೊಡದೆ ಇಬ್ಬರಿಗೆ ಹಂಚಿತು. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ದರ ಮೊದಲೇ ನಿಗದಿ, ಖರ್ಚು ಜಾಸ್ತಿಯಾದರೆ ಅದು ಕಂಪನಿಯ ತಲೆನೋವು. 2024ರಲ್ಲಿ ಬೋಯಿಂಗ್ ನೌಕೆಯಲ್ಲಿ ಹೋದ ಸುನಿತಾ ವಿಲಿಯಮ್ಸ್ ಅದೇ ನೌಕೆಯಲ್ಲಿ ವಾಪಸ್ ಬರಲು ಆಗಲಿಲ್ಲ, 2025ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ನೌಕೆಯಲ್ಲಿ ಬಂದಿಳಿದರು. ನಮ್ಮ ಟಿವಿಗಳೂ ಅದನ್ನು ದಿನವಿಡೀ ತೋರಿಸಿದವು. ಆದರೆ ಅವತ್ತು ಗೆದ್ದಿದ್ದು ಒಬ್ಬ ಶ್ರೀಮಂತ ಅಂತ ನನಗೆ ಅನಿಸಲಿಲ್ಲ. ಹತ್ತು ವರ್ಷ ಹಿಂದೆ ಇಬ್ಬರನ್ನು ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದ ಸರ್ಕಾರಿ ಅಧಿಕಾರಿಗಳು ಗೆದ್ದರು.

ಶ್ರೀಮಂತರು ತಾವೇ ಹಾರಿದ ಪ್ರವಾಸಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. 2021ರ ಜುಲೈನಲ್ಲಿ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ಹೋದರು, ಒಂಬತ್ತು ದಿನ ಬಿಟ್ಟು ಅಮೆಜಾನ್ ಸ್ಥಾಪಕ ಬೆಜೋಸ್ ಹೋದರು. ಕೆಲವು ನಿಮಿಷ ತೇಲಿ ಬಂದರು. ಕೆಳಗೆ ಬಂದ ಮೇಲೆ ಬೆಜೋಸ್, ಇದರ ಖರ್ಚೆಲ್ಲಾ ಕೊಟ್ಟಿದ್ದು ಅಮೆಜಾನ್ ನೌಕರರು ಮತ್ತು ಗ್ರಾಹಕರು ಅಂತ ಧನ್ಯವಾದ ಹೇಳಿದರು. ಆ ಗ್ರಾಹಕರಲ್ಲಿ ನಾವೂ ಇದ್ದೇವೆ. ಆ ಹಾರಾಟದಿಂದ ನಮಗೆ ಬಂದಿದ್ದು ಏನೂ ಇಲ್ಲ. ಬೆಜೋಸ್ ಅವರ ಬ್ಲೂ ಒರಿಜಿನ್ ಕಂಪನಿ ಮಾಡಿದ ಎಂಜಿನ್ 2024ರಿಂದ ಅಮೆರಿಕದ ವಲ್ಕನ್ ರಾಕೆಟ್ ಓಡಿಸುತ್ತಿದೆ, ಅದನ್ನು ಮಾತ್ರ ಅವರ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ನಮ್ಮ ದೇಶ. 2024ರ ನವೆಂಬರ್‌ನಲ್ಲಿ ಭಾರತದ ಜಿಸ್ಯಾಟ್-ಎನ್2 ಉಪಗ್ರಹ ಹಾರಿದ್ದು ಮಸ್ಕ್ ಅವರ ಫಾಲ್ಕನ್-9 ಮೇಲೆ. ಅದರ ತೂಕ ಸುಮಾರು 4,700 ಕೆಜಿ, ಅಷ್ಟು ಭಾರವನ್ನು ಆ ಕಕ್ಷೆಗೆ ಎತ್ತುವ ಶಕ್ತಿ ನಮ್ಮ ರಾಕೆಟ್‌ಗೆ ಆಗ ಇರಲಿಲ್ಲ. ಬಾಡಿಗೆ ಕೊಟ್ಟೆವು, ಅವರು ಮೇಲೆ ಬಿಟ್ಟು ಬಂದರು, ಉಪಗ್ರಹ ನಮ್ಮದೇ. ಇಂಥ ವ್ಯವಹಾರ ಎಷ್ಟು ಬೇಕಾದರೂ ಮಾಡಬಹುದು. 2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದೂ ಅದೇ ಕಂಪನಿಯ ನೌಕೆಯಲ್ಲಿ. ಅವರ ಜೊತೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯೆಯ ಪ್ರಯೋಗವೂ ಹೋಗಿತ್ತು. ನಮ್ಮ ಪಕ್ಕದ ಊರಿನ ವಿಶ್ವವಿದ್ಯಾಲಯಕ್ಕೆ ಅಲ್ಲಿ ಕಾಳು ಮೊಳಕೆ ಬರಿಸಿ ನೋಡುವ ಅವಕಾಶ ಸಿಕ್ಕಿದ್ದು ನನಗಂತೂ ತುಂಬಾ ಖುಷಿ ಕೊಟ್ಟಿತು.

ಸಿಂಧನೂರಿನ ರೈತ ಇವತ್ತು ಬಾಹ್ಯಾಕಾಶವನ್ನು ನಿಜವಾಗಿ ಬಳಸುವುದು ಎಲ್ಲಿ ಅಂತ ನೋಡಿ. ಹೊಲದಲ್ಲಿ ನಿಂತು ಮೊಬೈಲ್‌ನಲ್ಲಿ ದಿಶಾಂಕ್ ತೆಗೆದು ಸರ್ವೆ ನಂಬರ್ ನೋಡುತ್ತಾನೆ. ಆ ಆ್ಯಪ್ ಮಾಡಿದ್ದು ರಾಜ್ಯ ಸರ್ಕಾರದ ದೂರ ಸಂವೇದಿ ಕೇಂದ್ರ. ಅವನು ನಿಂತ ಜಾಗ ತೋರಿಸುವ ಜಿಪಿಎಸ್ ಅಮೆರಿಕ ಸರ್ಕಾರದ್ದು, ಎಲ್ಲರಿಗೂ ಉಚಿತ. ಮೊದಲು ಅದರಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿದ್ದರು, 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ ಜನಸಾಮಾನ್ಯರಿಗೂ ಸರಿಯಾದ ಜಾಗ ಗೊತ್ತಾಗತೊಡಗಿತು. ಟಿವಿಯಲ್ಲಿ ಕಾಣುವ ಮೋಡದ ಚಿತ್ರ ಇನ್‌ಸ್ಯಾಟ್‌ನದು. ಬೆಳೆ ನೋಡುವ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೂ ಅಮೆರಿಕ 2008ರಿಂದ ಉಚಿತವಾಗಿ ಕೊಡುತ್ತಿದೆ. ಇವೆಲ್ಲಾ ಸರ್ಕಾರಗಳು ಜನರ ದುಡ್ಡಲ್ಲಿ ಮಾಡಿ ಜನರಿಗೇ ಬಿಟ್ಟುಕೊಟ್ಟಂಥವು. ಖಾಸಗಿಯವರು ಮೇಲೆ ಹೋಗುವ ಬಾಡಿಗೆ ಇಳಿಸಿದ್ದಾರೆ, ಅದು ದೊಡ್ಡ ಉಪಕಾರವೇ. ಆದರೆ ರೈತನ ಕೈಗೆ ಬಂದ ಹಣ್ಣು ಹೆಚ್ಚಿನದೆಲ್ಲಾ ಸರ್ಕಾರಿ ಗಿಡದ್ದು.

ಈಗ ಸ್ಟಾರ್‌ಲಿಂಕ್, ಅಂದರೆ ಮಸ್ಕ್ ಅವರ ಕಂಪನಿ ಉಪಗ್ರಹದಿಂದ ಡಿಶ್ ಮೂಲಕ ಕೊಡುವ ಇಂಟರ್ನೆಟ್. 2025ರ ಜೂನ್‌ನಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ನಮ್ಮ ಬಯಲು ಸೀಮೆಯಲ್ಲಿ ಟವರ್, ಫೈಬರ್ ಎಳೆಯುವುದು ಕಷ್ಟ ಅಲ್ಲ, ಅಗ್ಗ ಕೂಡ. ಹಾಗಾಗಿ ಇಲ್ಲಿ ಡಿಶ್ ಇಂಟರ್ನೆಟ್ ಎಲ್ಲರಿಗೂ ಬೇಕಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಸಂಡೂರಿನ ಗುಡ್ಡದ ಸಂದಿಯ ಊರಿಗೆ, ಪ್ರವಾಹ ಬಂದು ಸಂಪರ್ಕ ಕಡಿದ ಕೃಷ್ಣಾ ನದಿಯ ನಡುಗಡ್ಡೆಗೆ ಉಪಯೋಗ ಆಗಬಹುದು.

ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಉಕ್ರೇನ್ ಯುದ್ಧದಲ್ಲಿ ಸ್ಟಾರ್‌ಲಿಂಕ್ ಆ ದೇಶಕ್ಕೆ ಜೀವದಾನ ಮಾಡಿತು. ಅದೇ ಯುದ್ಧದಲ್ಲಿ ರಷ್ಯಾದ ಹಿಡಿತದಲ್ಲಿರುವ ಕ್ರಿಮಿಯಾ ಹತ್ತಿರ ಸಂಪರ್ಕ ಕೊಡಿ ಅಂತ ಉಕ್ರೇನ್ ಕೇಳಿದಾಗ ಕೊಡಲಿಲ್ಲ ಅಂತ ಮಸ್ಕ್ ಅವರೇ ಹೇಳಿದರು. ಆ ತೀರ್ಮಾನ ಸರಿಯೋ ತಪ್ಪೋ, ತೆಗೆದುಕೊಂಡಿದ್ದು ಮಾತ್ರ ಯಾವ ದೇಶದ ಜನರೂ ವೋಟು ಹಾಕಿ ಆರಿಸದ ಒಬ್ಬ ವ್ಯಕ್ತಿ. 2025ರ ಜೂನ್‌ನಲ್ಲಿ ಟ್ರಂಪ್ ಜೊತೆ ಜಗಳ ಆದಾಗ, ಗಗನಯಾತ್ರಿಗಳನ್ನು ಒಯ್ಯುವ ನೌಕೆಯನ್ನೇ ನಿಲ್ಲಿಸುತ್ತೇನೆ ಅಂತ ಬರೆದರು, ಕೆಲವೇ ಗಂಟೆಯಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡರು. ಒಬ್ಬ ಮನುಷ್ಯನ ಸಿಟ್ಟಿಗೆ ಇಷ್ಟೊಂದು ಶಕ್ತಿ ಇರಬಾರದು. ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ.

ಎಲ್ಲಾ ಕೆಲವೇ ಕೈಗೆ ಸೇರಿದರೆ ಏನಾಗುತ್ತದೆ ಅನ್ನೋದನ್ನು ಮೊಬೈಲ್ ಡೇಟಾದಲ್ಲಿ ನಾವೇ ಸ್ವಲ್ಪ ಅನುಭವಿಸಿದ್ದೇವೆ. 2016ರ ಸೆಪ್ಟೆಂಬರ್‌ನಲ್ಲಿ ಮುಕೇಶ್ ಅಂಬಾನಿಯವರ ಜಿಯೋ ಬಂದು ಡೇಟಾ ಬೆಲೆ ಬಿದ್ದುಹೋಯಿತು. ಮಾನ್ವಿ, ಕುಷ್ಟಗಿ ಹಳ್ಳಿಗಳ ಹುಡುಗ ಹುಡುಗಿಯರು ಕೋಚಿಂಗ್‌ಗೆ ಧಾರವಾಡಕ್ಕೆ ಹೋಗದೆ ಮನೆಯಲ್ಲೇ ಪಾಠ ಕೇಳುವಂತಾಯಿತು. ಅದು ನಿಜವಾದ ಲಾಭ. ಆದರೆ ಪೈಪೋಟಿಯಲ್ಲಿ ಹಲವು ಕಂಪನಿ ಮುಚ್ಚಿದವು, ಕೆಲವು ಇನ್ನೊಂದರಲ್ಲಿ ಸೇರಿಹೋದವು, ಖಾಸಗಿಯಲ್ಲಿ ಉಳಿದಿದ್ದು ಮೂರು. 2024ರ ಜುಲೈನಲ್ಲಿ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ರೇಟು ಏರಿಸಿದಾಗ ಎಷ್ಟೋ ಜನ ಬಿಎಸ್‌ಎನ್‌ಎಲ್‌ಗೆ ನಂಬರ್ ಬದಲಾಯಿಸಿಕೊಂಡರು. ಬಿಎಸ್‌ಎನ್‌ಎಲ್ ಸರ್ವಿಸ್ ಬಗ್ಗೆ ಬೈಯುವವರೂ ಅದು ಮುಚ್ಚಲಿ ಅಂತ ಬಯಸಬಾರದು. ಹೋಗೋದಕ್ಕೆ ಇನ್ನೊಂದು ಬಾಗಿಲು ಇರುವ ತನಕವೇ ನಮ್ಮ ಮಾತಿಗೆ ಬೆಲೆ.

ಷರತ್ತು ತಡವಾಗಿ ಹಾಕಿದರೆ ಏನಾಗುತ್ತದೆ ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಿರು ಜನರದ್ದು, ಅದನ್ನು ಅಗೆದು ಶ್ರೀಮಂತರಾದವರು ಕೆಲವರು, ಕೆಂಪು ದೂಳು ಕುಡಿದವರು ಸಂಡೂರಿನ ಊರುಗಳವರು. ಲೋಕಾಯುಕ್ತ ವರದಿ ಬಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು 2011ರ ಜುಲೈನಲ್ಲಿ. ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ನಿಧಿಗೆ ಕಂಪನಿಗಳು ಹಣ ಕಟ್ಟಲೇಬೇಕು ಅನ್ನೋ ಕಾನೂನು ಬಂದಿದ್ದು 2015ರಲ್ಲಿ. ಅದೇ ನಿಧಿ ಹದಿನೈದು ವರ್ಷ ಮೊದಲೇ ಇದ್ದಿದ್ದರೆ ಅಲ್ಲಿ ಎಷ್ಟು ಆಸ್ಪತ್ರೆ, ಎಷ್ಟು ಶಾಲೆ ಆಗುತ್ತಿದ್ದವು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಉಪಗ್ರಹ ಬಳಸುವ ತರಂಗಗಳೂ ಅದಿರಿನ ಹಾಗೆ ಸಾರ್ವಜನಿಕ ಸಂಪತ್ತೇ, ಮೊಬೈಲ್ ತರಂಗ ಹಂಚಿಕೆಯ ಬಗ್ಗೆ ಬಂದ 2012ರ 2ಜಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಉಪಗ್ರಹ ಇಂಟರ್ನೆಟ್ ಕಂಪನಿಗಳು ಆದಾಯದ ಶೇ. 4ರಷ್ಟನ್ನು ಸರ್ಕಾರಕ್ಕೆ ಕಟ್ಟಲಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2025ರ ಮೇನಲ್ಲಿ ಶಿಫಾರಸು ಮಾಡಿತು. ಆ ಶೇಕಡಾವಾರು ಸಾಕೋ ಸಾಲದೋ ಅನ್ನೋ ಚರ್ಚೆ ದಿಲ್ಲಿಯಲ್ಲಷ್ಟೇ ಅಲ್ಲ, ಇಲ್ಲೂ ಆಗಬೇಕು.

ಕೊನೆಗೆ, ಇದೇ ಪ್ರಶ್ನೆ ಜೊತೆ ಹಲವರು ಕೇಳೋದು: ಆ ದುಡ್ಡನ್ನು ಬಡವರಿಗೆ ಕೊಡಬಾರದಾ? ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ, ದೇಶದ ಬಜೆಟ್ ಮುಂದೆ ಅದು ತೀರಾ ಸಣ್ಣದು. ರಾಕೆಟ್ ನಿಲ್ಲಿಸಿದರೆ ಬಡತನ ಹೋಗುವುದಿಲ್ಲ. ಶ್ರೀಮಂತರು ತೆರಿಗೆ ಸರಿಯಾಗಿ ಕಟ್ಟುತ್ತಾರಾ ಅನ್ನೋದು ಬೇರೆಯೇ ಪ್ರಶ್ನೆ, ಅದನ್ನು ರಾಕೆಟ್ ಇದ್ದರೂ ಇಲ್ಲದಿದ್ದರೂ ಕೇಳಬೇಕು.

ನಾಳೆ ನಿಮ್ಮ ಊರಿನ ಶಾಲೆಗೋ ಪಂಚಾಯಿತಿಗೋ ಉಪಗ್ರಹ ಇಂಟರ್ನೆಟ್ ಹಾಕಿಸುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮೊದಲ ವರ್ಷ ಉಚಿತ ಆದರೆ ಮೂರನೇ ವರ್ಷ ತಿಂಗಳಿಗೆ ಎಷ್ಟು, ಅದನ್ನು ಯಾವ ಅನುದಾನದಿಂದ ಕಟ್ಟುತ್ತೀರಿ? ಡಿಶ್ ಕೆಟ್ಟರೆ ರಿಪೇರಿಗೆ ಬರುವವರು ರಾಯಚೂರಿನಲ್ಲಿ ಇದ್ದಾರಾ, ಇಲ್ಲಾ ಬೆಂಗಳೂರಿಂದ ಬರಬೇಕಾ? ಅದು ನಿಂತ ದಿನ ಕೆಲಸ ನಡೆಸಲು ಬಿಎಸ್‌ಎನ್‌ಎಲ್ ಫೈಬರ್ ಉಳಿಸಿಕೊಂಡಿದ್ದೀರಾ? 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಗತ್ತಿನ ಹಲವು ಕಡೆ ಎರಡೂವರೆ ಗಂಟೆ ನಿಂತುಹೋಗಿತ್ತು, ಹಾಗಾಗಿ ಈ ಮೂರನೇ ಪ್ರಶ್ನೆಗೆ ಬಾಯಿಮಾತಿನ ಉತ್ತರ ಒಪ್ಪಬೇಡಿ, ಠರಾವಿನಲ್ಲಿ ಬರೆಸಿ.