ಕ್ರೂಸ್ ಹೊರಟಿದ್ದೇವೆ, ದೊಡ್ಡ ಹಡಗು ಹಿಡಿಯೋದಾ, ಸಣ್ಣದಾ?

ಓದುಗರ ಪ್ರಶ್ನೆ: ನಾವು ವಿಜಯನಗರದವರು. ಈ ಡಿಸೆಂಬರ್ ರಜೆಗೆ ಮೊದಲ ಸಲ ಕ್ರೂಸ್ ಹೋಗೋಣ ಅಂತಿದ್ದೇವೆ. ಒಟ್ಟು ಆರು ಜನ: ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗ, ಎರಡನೇ ಕ್ಲಾಸಿನ ಮಗಳು, ಅತ್ತೆ, ಮಾವ. ಅತ್ತೆಗೆ ಮಂಡಿನೋವು. ನಾವು ಮೊಟ್ಟೆ ಕೂಡ ತಿನ್ನಲ್ಲ. ನನಗಂತೂ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿ ಆಗುತ್ತೆ. ಏಜೆಂಟ್ ದೊಡ್ಡ ಹಡಗೇ ಬೆಸ್ಟ್ ಅಂತಾರೆ. ನಾದಿನಿ ಸಣ್ಣ ಹಡಗಲ್ಲೇ ಮಜಾ ಅಂತಾಳೆ. ಯಾರ ಮಾತು ಕೇಳೋದು? ಇನ್ನೊಂದು, ಚಟ್ನಿಪುಡಿ ತಗೊಂಡು ಹೋಗಬಹುದಾ?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ನಾದಿನಿ ಮಕ್ಕಳನ್ನು ಅಮ್ಮನ ಮನೇಲಿ ಬಿಟ್ಟು, ಗಂಡ ಹೆಂಡತಿ ಇಬ್ಬರೇ ಹೋಗಿ ಬಂದಿರಬೇಕು. ಇದು ನನ್ನ ಊಹೆ.

ನಿಮ್ಮ ಆರು ಜನಕ್ಕೆ, ಅದೂ ಮೊದಲ ಸಲಕ್ಕೆ, ದೊಡ್ಡ ಹಡಗೇ ಇರಲಿ. ಮಗನಿಗೆ ನೀರಿನ ಜಾರುಬಂಡೆ ಬೇಕು. ಮಾವನಿಗೆ ಬೆಳಗಿನ ಐದೂವರೆಗೆ ಕಾಫಿ ಬೇಕು. ಅತ್ತೆಗೆ ಗಾಳಿ ಬರುವ ಕಡೆ ಒಂದು ಕುರ್ಚಿ ಬೇಕು. ನಿಮಗೆ ಇವರ್ಯಾರೂ ಕಾಣದ ಒಂದು ಮೂಲೆ ಬೇಕು. ಇಷ್ಟಕ್ಕೂ ಜಾಗ ಬೇಕಲ್ವಾ? ಜನ ಸಣ್ಣ ಹಡಗು ಹತ್ತುವುದು ಅದು ನಿಲ್ಲುವ ಊರು ನೋಡೋದಕ್ಕೆ. ದೊಡ್ಡದರಲ್ಲಿ ಹಡಗೇ ಒಂದು ಊರು.

ಎಷ್ಟು ದೊಡ್ಡ ಊರು ಅಂತ ಕೇಳಿ. ನಮ್ಮ ವಿಧಾನಸೌಧದ ಉದ್ದ 700 ಅಡಿ. ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 211 ಮೀಟರ್, ಅಂದರೆ ಸುಮಾರು 690 ಅಡಿ. ವಿಧಾನಸೌಧವನ್ನೇ ನೀರಿನ ಮೇಲೆ ತೇಲಿಬಿಟ್ಟ ಹಾಗೆ ಅಂದುಕೊಳ್ಳಿ. ಇಷ್ಟಾದರೂ ಕ್ರೂಸ್ ಲೋಕದಲ್ಲಿ ಇದನ್ನು ಸಣ್ಣದು, ಹೆಚ್ಚೆಂದರೆ ಮಧ್ಯಮ ಅಂತಾರೆ. 2024ರ ಜನವರಿಯಲ್ಲಿ ಮಿಯಾಮಿಯಿಂದ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಸುಮಾರು 1,196 ಅಡಿ ಉದ್ದ, 20 ಅಂತಸ್ತು. ಪೂರ್ತಿ ತುಂಬಿದರೆ ಪ್ರಯಾಣಿಕರೇ 7,600, ಜೊತೆಗೆ ಸಿಬ್ಬಂದಿ 2,350. ಸರ್ಜಾಪುರ ರಸ್ತೆಯ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇಷ್ಟು ಜನ ಇರಲ್ಲ.

ಹಾಗಂತ ದೊಡ್ಡ ಹಡಗು ಅಂದರೆ ನೂಕುನುಗ್ಗಲು, ಸಣ್ಣದು ಅಂದರೆ ಆರಾಮು ಅಂತ ಲೆಕ್ಕ ಹಾಕಬೇಡಿ. ಎಲ್ಲರೂ ಎಡವುವುದು ಇಲ್ಲೇ. ಹಡಗಿನ ಬಗ್ಗೆ ಓದುವಾಗ ಗ್ರಾಸ್ ಟನ್ ಅಂತ ಒಂದು ಅಂಕಿ ಸಿಗುತ್ತದೆ. ಅದು ತೂಕ ಅಲ್ಲ. ಹಡಗಿನ ಒಳಗೆ ಎಷ್ಟು ಜಾಗ ಇದೆ ಅನ್ನುವ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ, ಒಬ್ಬರ ಪಾಲಿಗೆ ಎಷ್ಟು ಜಾಗ ಅಂತ ಗೊತ್ತಾಗುತ್ತದೆ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಿಡಿದರೆ, 2,48,663 ಟನ್ನಿನ ಐಕಾನ್‌ನಲ್ಲಿ 5,610 ಜನ, ಪಾಲಿಗೆ 44. ಸಿಂಗಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್ 1,50,695 ಟನ್, 3,352 ಜನ, ಅಲ್ಲೂ ಹತ್ತಿರಹತ್ತಿರ 45. ಎಂಪ್ರೆಸ್ ಸುಮಾರು 48,500 ಟನ್, 800ರಷ್ಟು ಕ್ಯಾಬಿನ್, ಪಾಲಿಗೆ 30. ಸೀಬೋರ್ನ್ ಕ್ವೆಸ್ಟ್ ಅನ್ನುವ ಐಷಾರಾಮಿ ಹಡಗು ಬರೀ 32,000 ಟನ್. ಆದರೆ ಹತ್ತಿಸಿಕೊಳ್ಳುವುದು 450 ಜನರನ್ನ, ಹಾಗಾಗಿ ಪಾಲಿಗೆ 70ರ ಮೇಲೆ. ಹಾಯಿ ಕಟ್ಟಿ ಓಡಿಸುವ ಸ್ಟಾರ್ ಕ್ಲಿಪ್ಪರ್ ಇನ್ನೂ ಸಣ್ಣದು, 2,298 ಟನ್, 170 ಜನ. ಪಾಲಿಗೆ 14 ಕೂಡ ಬರಲ್ಲ. ನೋಡಿ, ಎರಡೂ ಸಣ್ಣ ಹಡಗೇ. ಒಂದು ಕಲ್ಯಾಣಮಂಟಪ, ಇನ್ನೊಂದು ಸೋಮವಾರ ಬೆಳಗಿನ ಬಿಎಂಟಿಸಿ. ಏಜೆಂಟನ್ನು ಕೇಳಬೇಕಾದ್ದು ಈ ಎರಡು ಅಂಕಿ. ಅವರಿಗೆ ಗೊತ್ತಿಲ್ಲದಿದ್ದರೆ ಗೂಗಲ್‌ಗೆ ಗೊತ್ತಿರುತ್ತದೆ.

ಜಾಗದ ಲೆಕ್ಕ ಆಯ್ತು. ಅದಕ್ಕಿಂತ ಮುಖ್ಯವಾದದ್ದನ್ನು ನಾನು ಪೆಟ್ಟು ತಿಂದು ಕಲಿತೆ. ಊರು ಬಂದಾಗ ಇಳಿಯುವುದು ಹೇಗೆ?

ಅಪ್ಪ ಅಮ್ಮನ ಜೊತೆ ಸಿಂಗಪುರದಿಂದ ಒಂದು ದೊಡ್ಡ ಹಡಗಲ್ಲಿ ಹೋಗಿದ್ದೆ. ಪೆನಾಂಗ್‌ನಲ್ಲಿ ಹಡಗು ನೇರ ಧಕ್ಕೆಗೇ ಹೋಗಿ ನಿಂತಿತು. ಲಿಫ್ಟಲ್ಲಿ ಇಳಿದು, ಸೇತುವೆ ದಾಟಿ, ಹತ್ತು ನಿಮಿಷದಲ್ಲಿ ರಸ್ತೆಯಲ್ಲಿದ್ದೆವು. ಫುಕೆಟ್‌ನಲ್ಲಿ ಹಾಗಾಗಲಿಲ್ಲ. ಹಡಗು ಪತೋಂಗ್ ಕಡಲತೀರದಿಂದ ದೂರ, ನಡುನೀರಲ್ಲಿ ಲಂಗರು ಹಾಕಿತು. ದಡಕ್ಕೆ ಸಣ್ಣ ದೋಣಿಗಳಲ್ಲೇ ಹೋಗಬೇಕು. ಇದಕ್ಕೆ ಟೆಂಡರ್ ಅಂತಾರೆ. ನಮಗೆ 14ನೇ ಗುಂಪಿನ ಚೀಟಿ ಸಿಕ್ಕಿತು. ಥಿಯೇಟರ್‌ನಲ್ಲಿ ಕೂರಿಸಿದರು. ಒಂದು ಗಂಟೆ ಆದ ಮೇಲೆ ಆರನೇ ಗುಂಪನ್ನು ಕರೆದರು. ಅಮ್ಮ ಬ್ಯಾಗಿಂದ ಕೋಡುಬಳೆ ತೆಗೆದರು. ನಮ್ಮ ಸರದಿ ಬರುವ ಹೊತ್ತಿಗೆ ಕೋಡುಬಳೆಯೂ ಖಾಲಿ, ಅಪ್ಪನ ತಾಳ್ಮೆಯೂ ಖಾಲಿ. ಎರಡು ಮುಕ್ಕಾಲು ಗಂಟೆ ಹೋಗಿತ್ತು. ದಡದಲ್ಲಿ ಒಂದೊಂದು ಎಳನೀರು ಕುಡಿದು, ಮರಳಲ್ಲಿ ಒಂದು ಫೋಟೋ ತೆಗೆದು ವಾಪಸ್ ಬಂದೆವು. ಫುಕೆಟ್ ನೋಡಿದ್ದೀರಾ ಅಂದರೆ ನೋಡಿದ್ದೇವೆ ಅಂತ ಹೇಳುತ್ತೇವೆ, ಅಷ್ಟೇ.

ಆ ದೋಣಿಗೆ ಕಾಲಿಡುವ ಜಾಗವನ್ನು ನಿಮ್ಮ ಅತ್ತೆಗೋಸ್ಕರ ಹೇಳಲೇಬೇಕು. ಹಡಗು ಅಲುಗಲ್ಲ, ದೋಣಿ ಅಲುಗುತ್ತದೆ. ಅಲೆಗೆ ಒಂದು ಸಲ ಮೊಣಕಾಲೆತ್ತರ ಏಳುತ್ತದೆ, ಇನ್ನೊಂದು ಸಲ ಇಳಿಯುತ್ತದೆ. ಇಬ್ಬರು ಹುಡುಗರು ಎರಡು ರಟ್ಟೆ ಹಿಡಿದು, "ನೌ!" ಅಂದ ಕೂಡಲೇ ಹೆಜ್ಜೆ ಇಡಬೇಕು. ಮಂಡಿ ಸರಿಯಿಲ್ಲದವರಿಗೆ ಅದು ಆಟ ಅಲ್ಲ. ಗಾಳಿ ಜಾಸ್ತಿ ಇದ್ದರೆ ಯಾರನ್ನೂ ಇಳಿಸದೆ ಮುಂದೆ ಹೋಗಿಬಿಡುವುದೂ ಉಂಟು. ಲಕ್ಷದ್ವೀಪದಲ್ಲೂ ಇದೇ ಕಥೆ, ಹವಳದ ದಿಬ್ಬದ ಒಳಗೆ ದೊಡ್ಡ ಹಡಗು ಬರೋಕಾಗಲ್ಲ. ಆದ್ದರಿಂದ ಬುಕ್ ಮಾಡುವ ಮೊದಲು ಪ್ರತಿ ಊರಿಗೂ ಒಂದೇ ಪ್ರಶ್ನೆ ಕೇಳಿ: ಧಕ್ಕೆಯಾ, ಟೆಂಡರಾ?

ಹಾಗಾದರೆ ನಾದಿನಿ ಹೇಳಿದ ಮಜಾ ಎಲ್ಲಿದೆ? ದೊಡ್ಡ ಹಡಗಿಗೆ ಪ್ರವೇಶವೇ ಇಲ್ಲದ ಜಾಗಗಳಲ್ಲಿ. ಗಲಾಪಗೋಸ್ ದ್ವೀಪಗಳಲ್ಲಿ ಒಂದು ಹಡಗಿಗೆ 100 ಪ್ರಯಾಣಿಕರ ಮಿತಿ. ಅಂಟಾರ್ಕ್ಟಿಕಾದಲ್ಲಿ 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ನೆಲಕ್ಕೆ ಇಳಿಯುವ ಹಾಗೇ ಇಲ್ಲ, ಮೇಲಿಂದಲೇ ಪೆಂಗ್ವಿನ್ ನೋಡಬೇಕು. ಸಣ್ಣ ಹಡಗಿನವರೂ ಒಂದು ಜಾಗದಲ್ಲಿ ಒಮ್ಮೆಗೆ 100 ಜನ ಮಾತ್ರ ಇಳಿಯಬಹುದು. ಅಂದರೆ 400 ಜನರ ಹಡಗಲ್ಲಿ ನಾಲ್ಕು ಪಾಳಿ. ಅಲ್ಲಿ ಹಡಗು ಸಣ್ಣದಾದಷ್ಟೂ ಕಾಸಿಗೆ ಬೆಲೆ. ವೆನಿಸ್ ಕೂಡ 2021ರ ಆಗಸ್ಟ್‌ನಿಂದ 25,000 ಟನ್ ದಾಟಿದ ಹಡಗುಗಳನ್ನು ಊರ ಮುಂದಿನ ಕಾಲುವೆಗೆ ಬಿಡುವುದಿಲ್ಲ. ಜಾಹೀರಾತಲ್ಲಿ ವೆನಿಸ್ ಅಂತ ಇದ್ದರೆ ನಿಜಕ್ಕೂ ಯಾವ ಬಂದರು ಅಂತ ನೋಡಿಕೊಳ್ಳಿ.

ನದಿಗಳಂತೂ ಪೂರ್ತಿ ಸಣ್ಣ ಹಡಗಿನ ರಾಜ್ಯ. ಯುರೋಪಿನ ರೈನ್, ಡ್ಯಾನ್ಯೂಬ್‌ಗಳ ನೀರು ಏರಿಸಿ ಇಳಿಸಿ ಹಡಗು ದಾಟಿಸುವ ಲಾಕ್ ಗೇಟ್‌ಗಳಲ್ಲಿ ತೂರಬೇಕಾದ್ದರಿಂದ ಅಲ್ಲಿನ ಬಹುತೇಕ ಹಡಗುಗಳು ಹೆಚ್ಚೆಂದರೆ 135 ಮೀಟರ್ ಉದ್ದ, ಹನ್ನೊಂದೂವರೆ ಮೀಟರ್‌ಗಿಂತ ಕಡಿಮೆ ಅಗಲ. ರೈಲು ಬೋಗಿ ತೇಲಿದ ಹಾಗೆ ಕಾಣುತ್ತವೆ. ನಮ್ಮಲ್ಲೇ 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್‌ನಲ್ಲಿ 18 ಕೋಣೆ, 36 ಪ್ರವಾಸಿಗರು. ಅದು ನೀರಿನೊಳಗೆ ಮುಳುಗುವುದು ಒಂದೂವರೆ ಮೀಟರ್ ಕೂಡ ಇಲ್ಲ. ಹಾಗಾಗಿಯೇ ಗಂಗೆಯ ತೆಳು ನೀರಿನಲ್ಲೂ ಸಾಗುತ್ತದೆ.

ನಾನು ಹೋದ ಸಣ್ಣ ಹಡಗು ಅಷ್ಟು ದುಬಾರಿಯದಲ್ಲ. ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಯಲ್ಲಿ ಎರಡು ರಾತ್ರಿ, ಇಪ್ಪತ್ತು ಕ್ಯಾಬಿನ್. ಅಲ್ಲಿ 1,600ಕ್ಕೂ ಹೆಚ್ಚು ಸುಣ್ಣಕಲ್ಲಿನ ದ್ವೀಪಗಳಿವೆ. ಎರಡು ಬಂಡೆಗಳ ನಡುವೆ ಹಡಗು ಸದ್ದಿಲ್ಲದೆ ತೂರುವಾಗ ಕೈ ಚಾಚಿದರೆ ಕಲ್ಲು ಸಿಗುತ್ತೇನೋ ಅನ್ನಿಸುತ್ತಿತ್ತು. ಮೊದಲ ರಾತ್ರಿ ಅಡುಗೆಯವನೇ ಟೇಬಲ್ ಹತ್ತಿರ ಬಂದ. ಮೀನಿನ ಸಾಸ್ ಕೂಡ ಬೇಡ ಅಂದದ್ದಕ್ಕೆ ಮುಖ ಸಣ್ಣದು ಮಾಡಿಕೊಂಡ. ಬೆಳಗ್ಗೆ ಮಾತ್ರ ಅನ್ನದ ಗಂಜಿಗೆ ಹುರಿದ ಕಡಲೆಕಾಯಿ, ಹಸಿಮೆಣಸು ಹಾಕಿ ತಂದಿಟ್ಟ. ದೊಡ್ಡ ಹಡಗಲ್ಲಿ ನಿಮ್ಮ ನಾಲಿಗೆಗೋಸ್ಕರ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳಲ್ಲ.

ಎರಡನೇ ದಿನ ಮಳೆ ಹಿಡಿಯಿತು. ನಲವತ್ತು ಜನರೂ ಒಂದೇ ಹಾಲ್‌ನಲ್ಲಿ. ಅದರಲ್ಲಿ ಜಯನಗರದ ಅಂಕಲ್ ಒಬ್ಬರಿದ್ದರು. ಕನಕಪುರ ರಸ್ತೆಯ ಸೈಟಿನ ರೇಟು ತಿಂಡಿಗೆ ಶುರುವಾದದ್ದು ರಾತ್ರಿ ಊಟಕ್ಕೂ ಮುಗಿಯಲಿಲ್ಲ. ಓಡಿಹೋಗೋಣ ಅಂದರೆ ಎಲ್ಲಿಗೆ? ನಿಮ್ಮ ಏಳನೇ ಕ್ಲಾಸಿನ ಮಗನನ್ನು ಆ ಹಾಲ್‌ನಲ್ಲಿ ಊಹಿಸಿಕೊಳ್ಳಿ. ಇನ್ನು ಸಣ್ಣ ದೋಣಿಗಳ ವಿಷಯದಲ್ಲಿ ಹವಾಮಾನವನ್ನು ಹಗುರವಾಗಿ ತಗೋಬೇಡಿ. 2025ರ ಜುಲೈನಲ್ಲಿ ಇದೇ ಕೊಲ್ಲಿಯಲ್ಲಿ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ ಹತ್ತಾರು ಜನ ಸತ್ತರು. ಟ್ರಿಪ್ ರದ್ದು ಅಂತ ಅವರೇ ಹೇಳಿದರೆ ಜಗಳ ಆಡಬೇಡಿ.

ಈಗ ನಿಮ್ಮ ವಾಂತಿ ವಿಷಯ. ತೆರೆದ ಕಡಲಿನಲ್ಲಿ ಸಣ್ಣ ಹಡಗು ಜಾಸ್ತಿ ಕುಣಿಯುತ್ತದೆ, ಅನುಮಾನ ಬೇಡ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಪಕ್ಕ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ, ಪಕ್ಕಕ್ಕೆ ವಾಲುವುದನ್ನು ತಡೆಯುತ್ತವೆ. ಕ್ಯಾಬಿನ್ ಹಿಡಿಯುವಾಗ ಕೆಎಸ್‌ಆರ್‌ಟಿಸಿ ಬಸ್ ನೆನಪಿಸಿಕೊಳ್ಳಿ. ಕೊನೇ ಸೀಟಲ್ಲಿ ಕೂತರೆ ಎತ್ತಿಹಾಕುತ್ತದೆ, ನಡುವಿನ ಸೀಟಲ್ಲಿ ಅಷ್ಟು ಗೊತ್ತಾಗಲ್ಲ. ಹಡಗಲ್ಲೂ ಅಷ್ಟೇ, ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಕೆಳಗಿನ ಡೆಕ್ ಸಾಮಾನ್ಯವಾಗಿ ಅಗ್ಗ ಕೂಡ. ಅದೂ ಲಿಫ್ಟ್ ಹತ್ತಿರ ಸಿಕ್ಕಿದರೆ ಅತ್ತೆಗೂ ಒಳ್ಳೆಯದು, ದೊಡ್ಡ ಹಡಗಿನ ಕಾರಿಡಾರ್ ಮುಗಿಯುವುದೇ ಇಲ್ಲ. ಘಾಟಿಗೆ ನುಂಗುವ ಅವೊಮಿನ್ ಇಲ್ಲಿಗೂ ಆಗುತ್ತದೆ, ಹೊಟ್ಟೆ ತೊಳಸುವ ಮೊದಲೇ ತಗೋಬೇಕು. ಅತ್ತೆ ಮಾವನಿಗೆ ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ.

ದಾರಿಯೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಅರಬ್ಬೀ ಸಮುದ್ರ ಸಾಮಾನ್ಯವಾಗಿ ಶಾಂತ. ಸಿಂಗಪುರ–ಪೆನಾಂಗ್–ಫುಕೆಟ್ ದಾರಿಯ ಬಹುಪಾಲು ಮಲಾಕ್ಕಾ ಜಲಸಂಧಿ, ಸುಮಾತ್ರಾ ದ್ವೀಪ ಅಡ್ಡ ಇರುವುದರಿಂದ ಅಲೆ ಕಡಿಮೆ. ಅದೇ ಸಿಂಗಪುರದಿಂದ ವಿಯೆಟ್ನಾಂ ಕಡೆ ತಿರುಗಿದರೆ ಆ ತಿಂಗಳು ಕಡಲು ಒರಟು. ಚೆನ್ನೈ ಕಡೆ ಡಿಸೆಂಬರ್‌ವರೆಗೂ ಚಂಡಮಾರುತದ ಭಯ ಇದ್ದದ್ದೇ.

ಊಟಕ್ಕೆ ಚಿಂತೆ ಬೇಡ. ಮುಂಬೈ, ಸಿಂಗಪುರದಿಂದ ಹೊರಡುವ ಈ ಹಡಗುಗಳಿಗೆ ನಮ್ಮವರೇ ದೊಡ್ಡ ಗಿರಾಕಿಗಳು. ಸಸ್ಯಾಹಾರ, ಜೈನ ಊಟ ಸಿಗುತ್ತದೆ. ಆದರೆ ರುಚಿ ಉತ್ತರದ ಕಡೆಯದು. ಮೂರನೇ ದಿನಕ್ಕೆ ಪನೀರ್ ಅಂದರೆ ಮುಖ ತಿರುಗಿಸುತ್ತೀರಿ. ಮೊಸರು, ಅನ್ನ ಎರಡೂ ಕೌಂಟರ್‌ನಲ್ಲಿರುತ್ತವೆ, ಕಲಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ದುಡ್ಡು: ದೊಡ್ಡ ಹಡಗಿನ ಟಿಕೆಟ್ ಅಗ್ಗ ಕಾಣುತ್ತದೆ, ಆಮೇಲೆ ಟಿಪ್ಸು, ವೈಫೈ, ಜ್ಯೂಸು, ಊರು ಸುತ್ತಿಸುವ ಬಸ್ಸು ಅಂತ ಬಿಲ್ ಬೆಳೆಯುತ್ತದೆ. ದುಬಾರಿ ಸಣ್ಣ ಹಡಗುಗಳಲ್ಲಿ ಇದರಲ್ಲಿ ಬಹಳಷ್ಟು ಸೇರಿರುತ್ತದೆ. ಒಟ್ಟು ಖರ್ಚನ್ನು ರಾತ್ರಿಗಳಿಂದ ಭಾಗಿಸಿ ಹೋಲಿಸಿ. ಇಬ್ಬರಿರುವ ಕ್ಯಾಬಿನ್‌ಗೆ ಮೂರನೆಯ, ನಾಲ್ಕನೆಯವರಾಗಿ ಮಕ್ಕಳನ್ನು ಸೇರಿಸಿದರೆ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ನಿಮಗೆ ನಾಲ್ಕು ಜನರ ಒಂದು ಕ್ಯಾಬಿನ್, ಪಕ್ಕದಲ್ಲೇ ಅತ್ತೆ ಮಾವನಿಗೆ ಒಂದು. ಸಾಕು.

ನಾನಾದರೆ ಹೀಗೆ ಮಾಡುತ್ತೇನೆ. ಕಡಲು ಒಗ್ಗುತ್ತೋ ಇಲ್ಲವೋ ಅಂತ ಇನ್ನೂ ಗೊತ್ತಿಲ್ಲದವರು ಮುಂಬೈಯಿಂದ ಎರಡು ಮೂರು ರಾತ್ರಿಯದ್ದು ಹಿಡಿಯಲಿ. ವೀಸಾ ತಲೆನೋವಿಲ್ಲ, ಒಗ್ಗದಿದ್ದರೆ ಬೇಗ ಮುಗಿಯುತ್ತದೆ. ಬಜೆಟ್ ಇದ್ದರೆ ಸಿಂಗಪುರದ್ದು. ಇಲ್ಲಿಂದ ನಾಲ್ಕೂವರೆ ಗಂಟೆಯ ನೇರ ವಿಮಾನ, ಮಕ್ಕಳಿಗೆ ಆಟದ ಜಾಗ ಜಾಸ್ತಿ. ಧಕ್ಕೆಯ ಊರುಗಳೇ ಇರುವ ದಾರಿ ಹಿಡಿಯಿರಿ. ಎರಡರಲ್ಲಿ ಯಾವುದಾದರೂ ಹಿಂದಿನ ದಿನವೇ ಹೋಗಿ ಉಳಿಯಿರಿ. ನಮ್ಮ ಏರ್‌ಪೋರ್ಟ್ ರಸ್ತೆಯಲ್ಲಿ ಹೆಬ್ಬಾಳದ ಹತ್ತಿರ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಹಡಗು ನಿಮಗೋಸ್ಕರ ಕಾಯಲ್ಲ.

ಇನ್ನು ಚಟ್ನಿಪುಡಿ. ಮನೆಯಲ್ಲಿ ಕುಟ್ಟಿದ್ದನ್ನು ಡಬ್ಬಿಗೆ ತುಂಬಿ ಒಯ್ದರೆ ಎಷ್ಟೋ ಹಡಗುಗಳಲ್ಲಿ ತಕರಾರು ಮಾಡುತ್ತಾರೆ, ಮನೆ ಅಡುಗೆ ಬೇಡ ಅಂತ ನಿಯಮ ಇರುತ್ತದೆ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಅದನ್ನು ಹಡಗಿಂದ ಊರಿಗೆ ಇಳಿಸಬೇಡಿ. ಕರೆಂಟ್ ಕೆಟಲ್, ಇಸ್ತ್ರಿಪೆಟ್ಟಿಗೆ ಮಾತ್ರ ಸುತರಾಂ ಇಲ್ಲ, ಬೆಂಕಿಯ ಭಯ. ನಮ್ಮಮ್ಮ ಸೀರೆಯಲ್ಲಿ ಸುತ್ತಿ ಇಟ್ಟಿದ್ದ ಕೆಟಲ್ ಸ್ಕ್ಯಾನರ್‌ನಲ್ಲಿ ಸಿಕ್ಕಿಬಿತ್ತು. ಟೋಕನ್ ಕೊಟ್ಟು ಎತ್ತಿಟ್ಟುಕೊಂಡರು. ಕೊನೇ ದಿನ ಬೆಳಗ್ಗೆ ಬಿಡಿಸಿಕೊಳ್ಳಲು ಹೋದರೆ ಅಲ್ಲಿ ಉದ್ದದ ಕ್ಯೂ. ಮೇಜಿನ ಮೇಲೆ ಸಾಲಾಗಿ ಹದಿನೆಂಟು ಕೆಟಲ್, ಒಂದು ಪುಟ್ಟ ರೈಸ್ ಕುಕ್ಕರ್. ಕುಕ್ಕರ್ ನಮ್ಮ ಬಸವನಗುಡಿಯವರದು.