ಸುದ್ದಿ ಎಲ್ಲಿಂದ, ನಂಬಿಕೆ ಯಾರ ಮೇಲೆ?

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಇಲ್ಲೇ. ಜನ ಯಾವುದನ್ನು ಜಾಸ್ತಿ ನೋಡುತ್ತಾರೋ ಅದನ್ನೇ ಜಾಸ್ತಿ ನಂಬುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ. 'ಸುದ್ದಿ ಎಲ್ಲಿ ಸಿಗುತ್ತದೆ' ಅನ್ನುವುದು ಒಂದು ಪ್ರಶ್ನೆ, 'ಯಾರನ್ನು ನಂಬುತ್ತೀರಿ' ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ 2012ರಿಂದ ಪ್ರತಿ ವರ್ಷ ಹಲವು ದೇಶಗಳ ಜನರನ್ನು ಕೇಳಿ ವರದಿ ಮಾಡುತ್ತದೆ. 2020ರ ವರದಿಯಿಂದ ನಾಲ್ಕು ಅಂಕಿ ನೆನಪಿಟ್ಟರೆ ಸಾಕು. ಒಟ್ಟಾರೆ ಸುದ್ದಿಯನ್ನು ನಂಬುತ್ತೇವೆ ಅಂದವರು ನೂರಕ್ಕೆ 38. ತಾವೇ ಓದುವ, ನೋಡುವ ಸುದ್ದಿಯನ್ನು ನಂಬುತ್ತೇವೆ ಅಂದವರು 46. ಸರ್ಚ್‌ನಲ್ಲಿ ಸಿಕ್ಕ ಸುದ್ದಿಗೆ 32. ಸೋಷಿಯಲ್ ಮೀಡಿಯಾದ ಸುದ್ದಿಗೆ ಬರೀ 22. ದಿನವಿಡೀ ಬೆರಳಾಡಿಸುವುದು ಕೊನೆಯದರ ಮೇಲೆ, ನಂಬಿಕೆ ಅದರ ಮೇಲೇ ಎಲ್ಲಕ್ಕಿಂತ ಕಡಿಮೆ! 38 ಮತ್ತು 46ರ ನಡುವಿನ ಅಂತರವನ್ನೂ ನೋಡಿ. 'ನಾನು ನೋಡುವ ಚಾನೆಲ್ ಪರವಾಗಿಲ್ಲ, ಉಳಿದವರೇ ಸರಿಯಿಲ್ಲ' ಅನ್ನುವ ಮನಸ್ಸು ಅದು. 2025ರಲ್ಲಿ ಒಟ್ಟಾರೆ ನಂಬಿಕೆ 40 ಇತ್ತು, ದೊಡ್ಡ ಬದಲಾವಣೆ ಏನಿಲ್ಲ. ಇದು ಆನ್‌ಲೈನ್ ಸಮೀಕ್ಷೆ. ಇಂಟರ್ನೆಟ್ ಬಳಸದವರು ಇದರಲ್ಲಿ ಇಲ್ಲ ಅಂತ ಪರೀಕ್ಷೆಯ ಉತ್ತರದಲ್ಲಿ ಒಂದು ಸಾಲು ಸೇರಿಸಿ.

ಹಳೆಯ ಉದಾಹರಣೆ ಬೇಕಿದ್ದರೆ, ರೋಪರ್ ಅನ್ನುವ ಸಂಸ್ಥೆ ಅಮೆರಿಕದಲ್ಲಿ ಮಾಡಿದ ಜನಾಭಿಪ್ರಾಯ ಸಮೀಕ್ಷೆ. 1959ರಿಂದ ಅವರು ಎರಡೂ ಪ್ರಶ್ನೆ ಕೇಳುತ್ತಿದ್ದರು. ನಂಬಿಕೆಯಲ್ಲಿ ಟಿವಿ ಪತ್ರಿಕೆಯನ್ನು ಹಿಂದಿಕ್ಕಿದ್ದು 1961ರಲ್ಲಿ, ಮುಖ್ಯ ಸುದ್ದಿಮೂಲವಾಗಿ ಹಿಂದಿಕ್ಕಿದ್ದು 1963ರಲ್ಲಿ. ಆದರೆ ಪ್ರಶ್ನೆಯಲ್ಲೇ ಒಂದು ಕೊಕ್ಕೆ ಇತ್ತು. ನಂಬಿಕೆಯ ಪ್ರಶ್ನೆ ಹೀಗಿತ್ತು: ಒಂದೇ ಸುದ್ದಿಯನ್ನು ಪತ್ರಿಕೆ, ರೇಡಿಯೊ, ಟಿವಿ, ಮ್ಯಾಗಜಿನ್ ಬೇರೆ ಬೇರೆಯಾಗಿ ಹೇಳಿದರೆ ಯಾವುದನ್ನು ನಂಬುತ್ತೀರಿ? ಪತ್ರಿಕೆ ಅಂದ ಕೂಡಲೇ ಓದುಗನಿಗೆ ನೆನಪಾಗುವುದು ತನ್ನ ಊರಿನ ಪತ್ರಿಕೆ. ಟಿವಿ ಅಂದರೆ ಇಡೀ ದೇಶದ ದೊಡ್ಡ ಚಾನೆಲ್. ತಕ್ಕಡಿಯೇ ಸಮ ಇರಲಿಲ್ಲ.

ಜನ ಹೇಳುವುದನ್ನೂ ಪೂರ್ತಿ ನಂಬುವ ಹಾಗಿಲ್ಲ. ಅಮೆರಿಕದಲ್ಲಿ ಟಿವಿ ಸುದ್ದಿ ನೋಡುತ್ತೇವೆ ಅಂದವರ ಲೆಕ್ಕವನ್ನು ಸಂಶೋಧಕ ಮಾರ್ಕಸ್ ಪ್ರಯರ್ 2009ರಲ್ಲಿ ನೀಲ್ಸನ್ ಅಳತೆಯ (ಟಿವಿ ಯಾರು ಎಷ್ಟು ನೋಡುತ್ತಾರೆ ಅಂತ ಅಳೆಯುವ ಕಂಪನಿಯ ಲೆಕ್ಕ) ಜೊತೆ ಇಟ್ಟು ನೋಡಿದರು. ಬಾಯಲ್ಲಿ ಹೇಳಿದ್ದು ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಸುದ್ದಿ ನೋಡುವುದು ಒಳ್ಳೆಯ ಅಭ್ಯಾಸ ಅಲ್ವಾ, ಸುಮ್ನೆ 'ಹೌದು' ಅಂದುಬಿಡುತ್ತೇವೆ.

ಈಗ 'ಮೂಲ' ಅನ್ನುವ ಪದ. 'ಎಲ್ಲಿ ಓದಿದೆ?' ಅಂದರೆ 'ವಾಟ್ಸ್ಆ್ಯಪ್‌ನಲ್ಲಿ' ಅನ್ನುತ್ತೇವೆ. ಅದು ದಾರಿ, ಮೂಲ ಅಲ್ಲ. ಕಳಿಸಿದ ಗೆಳೆಯನೂ ಮೂಲ ಅಲ್ಲ, ಅವನು ತಂದುಕೊಟ್ಟವನು ಅಷ್ಟೇ. ವಿಚಿತ್ರ ಅಂದರೆ ನಮ್ಮ ನಂಬಿಕೆ ಹೆಚ್ಚಾಗಿ ನಿಲ್ಲುವುದು ಅವನ ಮೇಲೇ. ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ. ಮೂರು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಬಂದರೆ ಮೂರು ಸಾಕ್ಷಿ ಸಿಕ್ಕ ಹಾಗೆ ಅನ್ನಿಸುತ್ತದೆ. ಮೂರೂ ಕಡೆ ಅಸೋಸಿಯೇಟೆಡ್ ಪ್ರೆಸ್ ಅಥವಾ ರಾಯಿಟರ್ಸ್ ಕಳಿಸಿದ ಒಂದೇ ವರದಿ ಇರಬಹುದು. ಮೊದಲನೆಯದು 1846ರಲ್ಲಿ, ಎರಡನೆಯದು 1851ರಲ್ಲಿ ಶುರುವಾದ ಸುದ್ದಿ ಸಂಸ್ಥೆ. ವರದಿಯ ಆರಂಭದಲ್ಲೋ ಕೊನೆಯಲ್ಲೋ ಅವುಗಳ ಹೆಸರು ಇದ್ದರೆ ಸಾಕ್ಷಿ ಒಂದೇ ಅಂತ ಎಣಿಸಿ.

ನನಗೆ ತುಂಬ ಹಿಡಿಸಿದ್ದು ಮನೋವಿಜ್ಞಾನಿಗಳಾದ ಹೋವ್ಲಂಡ್ ಮತ್ತು ವೈಸ್ 1951ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ವಿದ್ಯಾರ್ಥಿಗಳಿಗೆ ಕೆಲವು ಲೇಖನ ಕೊಟ್ಟರು. ಅದರಲ್ಲಿ ಒಂದು ಅಣುಶಕ್ತಿಯ ಜಲಾಂತರ್ಗಾಮಿಯ ಬಗ್ಗೆ. ಕೆಲವರಿಗೆ ಇದು ವಿಜ್ಞಾನಿ ಓಪನ್‌ಹೈಮರ್ ಹೇಳಿದ್ದು ಅಂದರು, ಇನ್ನು ಕೆಲವರಿಗೆ ಸೋವಿಯತ್ ಪತ್ರಿಕೆ ಪ್ರಾವ್ದಾದ್ದು ಅಂದರು. ಲೇಖನ ಮಾತ್ರ ಒಂದೇ. ಓದಿದ ಕೂಡಲೇ ಕೇಳಿದಾಗ, ನಂಬಿಕಸ್ತ ಹೆಸರು ಕಂಡವರು ಜಾಸ್ತಿ ಒಪ್ಪಿದ್ದರು. ನಾಲ್ಕು ವಾರದ ನಂತರ ಕೇಳಿದರೆ ಆ ವ್ಯತ್ಯಾಸವೇ ಕರಗಿಹೋಗಿತ್ತು. ಮೊದಲ ಗುಂಪಿನ ಒಪ್ಪಿಗೆ ಇಳಿದಿತ್ತು, ಎರಡನೆಯದರದ್ದು ಏರಿತ್ತು. ವಿಷಯ ತಲೆಯಲ್ಲಿ ಉಳಿಯಿತು, ಹೇಳಿದವರ ಹೆಸರು ಅದರಿಂದ ಕಳಚಿಕೊಂಡಿತು. 1953ರಲ್ಲಿ ಕೆಲ್ಮನ್ ಮತ್ತು ಹೋವ್ಲಂಡ್ ಇನ್ನೊಂದು ಪ್ರಯೋಗ ಮಾಡಿ, ಕೆಲವು ವಾರದ ನಂತರ ಹೇಳಿದವರು ಯಾರೆಂದು ಮತ್ತೆ ನೆನಪಿಸಿದರು. ವ್ಯತ್ಯಾಸ ವಾಪಸ್ ಬಂತು. 'ಎಲ್ಲೋ ಓದಿದ್ದೆ' ಅಂತ ಶುರುವಾಗುವ ನಮ್ಮ ವಾದಗಳ ಕಥೆ ಇದೇ.

ಪರಿಶೀಲನೆಯ ಬಗ್ಗೆ ಒಂದೇ ಮಾತು. ಸ್ಟ್ಯಾನ್‌ಫರ್ಡ್‌ನ ವೈನ್‌ಬರ್ಗ್ ಮತ್ತು ಮೆಗ್ರೂ ಇತಿಹಾಸಕಾರರು, ವಿದ್ಯಾರ್ಥಿಗಳು, ಫ್ಯಾಕ್ಟ್ ಚೆಕ್ ಮಾಡುವವರು ಹೀಗೆ ಮೂರು ಗುಂಪಿಗೆ ವೆಬ್‌ಸೈಟ್ ತೋರಿಸಿ ಗಮನಿಸಿದರು. ಓದಿ ಪಳಗಿದವರೂ ಚೆಂದದ ಲೋಗೋ, ಡೊಮೇನ್ ಹೆಸರು ನೋಡಿ ಮರುಳಾದರು. ಫ್ಯಾಕ್ಟ್ ಚೆಕ್‌ನವರು ಆ ಪುಟವನ್ನು ಸರಿಯಾಗಿ ಓದಲೇ ಇಲ್ಲ. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಮೊದಲು ಹುಡುಕಿದರು.