ಯುದ್ಧ ಮುಗಿದ ಮೇಲಿನ ಪುಟಗಳು

ಕುಡಿತ ಬಿಟ್ಟು ಈಗಷ್ಟೇ ಚೇತರಿಸಿಕೊಳ್ಳುತ್ತಿರುವವರಿಗೆ ಪುಸ್ತಕ ತಂದುಕೊಡುವುದು ಒಳ್ಳೆಯ ಅಭ್ಯಾಸವೇ. ಆದರೆ ಕೊಡುವಾಗ ಜನ ಒಂದು ಮಾತು ಸೇರಿಸುತ್ತಾರೆ ನೋಡಿ, ಅಲ್ಲಿ ಕೆಲಸ ಕೆಡುತ್ತದೆ. ‘ಇದನ್ನ ಓದು. ಇವರೆಲ್ಲ ಹಿಟ್ಲರನ ಕ್ಯಾಂಪಲ್ಲಿ ಇದ್ದು ಬದುಕಿ ಬಂದೋರು. ಇವರ ಮುಂದೆ ನಿನ್ನ ಕಷ್ಟ ಯಾವ ಲೆಕ್ಕ?’ ಕೇಳಿಸಿಕೊಳ್ಳುವವನಿಗೆ ಮೊದಲೇ ತಲೆ ಎತ್ತಲಾಗದಷ್ಟು ನಾಚಿಕೆ. ಅದರ ಮೇಲೆ ಇದೊಂದು ಬೇರೆ. ಪುಸ್ತಕ ಹೋಗಿ ಟಿವಿ ಪಕ್ಕದಲ್ಲಿ ಕೂರುತ್ತದೆ, ಯಾರೂ ಮುಟ್ಟುವುದಿಲ್ಲ.

ನಾನು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಔಷಧಿ ಡಾಕ್ಟರ ಪಾಲು, ಆಮೇಲಿನ ಮಾತುಕತೆ ನನ್ನ ಪಾಲು. ಯುದ್ಧ, ದೇವರು, ಚೇತರಿಕೆ ಮೂರೂ ಸೇರಿರುವ ಪುಸ್ತಕಗಳನ್ನು ನಾನೂ ಕೊಡುತ್ತೇನೆ. ಜಾಸ್ತಿಯೇ ಕೊಡುತ್ತೇನೆ. ಆದರೆ ಹಿಂದಿನಿಂದ ಓದಿಸುತ್ತೇನೆ. ಯುದ್ಧ ಮುಗಿದು ಆ ಮನುಷ್ಯ ಮನೆಗೆ ಬಂದ ಮೇಲೆ ಏನಾಯಿತು ಎಂಬ ಪುಟಗಳಿಂದ ಶುರು ಮಾಡಿ ಅನ್ನುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಅಯ್ಯಪ್ಪ ಮಾಲೆ ಹಾಕಿದವರನ್ನು ನೀವು ನೋಡಿರುತ್ತೀರಿ. ಬೆಳಗಿನ ಜಾವ ತಣ್ಣೀರು ಸ್ನಾನ, ಕಪ್ಪು ಬಟ್ಟೆ, ಬರಿಗಾಲು. ಊರೆಲ್ಲ ‘ಸ್ವಾಮಿ’ ಅಂತ ಕರೆಯುತ್ತದೆ. ವರ್ಷಗಟ್ಟಲೆ ಕುಡಿದವರೂ 41 ದಿನ ಒಂದು ಹನಿ ಮುಟ್ಟುವುದಿಲ್ಲ. ಮನೆಯವರು ಇನ್ನೇನು ಗೆದ್ದೆವು ಅಂದುಕೊಳ್ಳುತ್ತಾರೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೆ ನನಗೆ ಫೋನ್ ಬರುತ್ತದೆ. ‘ಮೇಡಂ, ಮತ್ತೆ ಶುರು ಮಾಡ್ಬಿಟ್ರು.’ ಹಾಗಂತ ಆ ವ್ರತವನ್ನು ನಾನು ಹಗುರವಾಗಿ ನೋಡುವುದಿಲ್ಲ, ಎಷ್ಟೋ ಜನರಿಗೆ ಅದೇ ಮೊದಲ ಮೆಟ್ಟಿಲು. ಆದರೆ ವ್ರತದ ದಿನಗಳಿಗೆ ನಿಯಮ ಇರುತ್ತದೆ, ಜೊತೆಗೆ ಜನ ಇರುತ್ತಾರೆ. ಮಾಲೆ ತೆಗೆದ ಮರುದಿನಕ್ಕೆ ಎರಡೂ ಇರುವುದಿಲ್ಲ.

ಆ ಮರುದಿನದ ಬಗ್ಗೆ ಸುಳ್ಳು ಹೇಳದ ಪುಸ್ತಕಗಳು ನನಗೆ ಬೇಕು.

ವಿಕ್ಟರ್ ಫ್ರಾಂಕ್ಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಎಲ್ಲರಿಗೂ ಗೊತ್ತಿರುವ ಹೆಸರು. ವಿಯೆನ್ನಾದ ಈ ಮನೋವೈದ್ಯರು ಯಹೂದಿ. ಔಶ್‌ವಿಟ್ಜ್ ಸೇರಿ ನಾಲ್ಕು ನಾಜಿ ಕ್ಯಾಂಪುಗಳನ್ನು ಕಂಡು, 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾದರು. ಮನೆಗೆ ಮರಳುವ ಹೊತ್ತಿಗೆ ಹೆಂಡತಿ, ಅಪ್ಪ, ಅಮ್ಮ, ಅಣ್ಣ ಯಾರೂ ಇರಲಿಲ್ಲ. ಮೊದಲೇ ಆಸ್ಟ್ರೇಲಿಯಾ ಸೇರಿದ್ದ ತಂಗಿ ಒಬ್ಬಳೇ ಉಳಿದಿದ್ದಳು. ಅದೇ ವರ್ಷ ಒಂಬತ್ತು ದಿನಗಳಲ್ಲಿ ಈ ಪುಸ್ತಕ ಹೇಳಿ ಬರೆಸಿದರು. ಮೊದಲು ಹೆಸರೇ ಹಾಕುವುದು ಬೇಡ, ಕೈದಿ ನಂಬರ್ ಸಾಕು ಅಂದುಕೊಂಡಿದ್ದರಂತೆ. ಜರ್ಮನ್‌ನಲ್ಲಿ ಬಂದದ್ದು 1946ರಲ್ಲಿ.

ಜನ ಇದರಿಂದ ಎತ್ತಿಕೊಳ್ಳುವುದು ‘ಬದುಕಿಗೊಂದು ಅರ್ಥ ಇದ್ದರೆ ಏನನ್ನೂ ತಡೆದುಕೊಳ್ಳಬಹುದು’ ಎಂಬ ಭಾಗ. ವಾಟ್ಸ್ಯಾಪ್‌ನಲ್ಲಿ ಓಡಾಡುವುದೂ ಅದೇ. ನಾನು ತೋರಿಸುವುದು ಬಿಡುಗಡೆಯಾದ ಮೇಲಿನ ಪುಟಗಳನ್ನು. ಗೇಟು ತೆರೆದಿದೆ. ಕೈದಿಗಳು ಹೆದರುತ್ತಲೇ ಹೊರಗೆ ನಡೆಯುತ್ತಾರೆ. ಹೂವು ತುಂಬಿದ ಬಯಲು ಸಿಗುತ್ತದೆ. ಹೂವು ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ಏನೂ ಆಗುವುದಿಲ್ಲ. ಸಂಜೆ ಗುಡಿಸಲಿಗೆ ಮರಳಿ ಒಬ್ಬ ಇನ್ನೊಬ್ಬನನ್ನು ಗುಟ್ಟಾಗಿ ಕೇಳುತ್ತಾನೆ, ಇವತ್ತು ನಿನಗೆ ಖುಷಿ ಆಯ್ತಾ ಅಂತ. ಇನ್ನೊಬ್ಬ ನಾಚಿಕೊಂಡು, ನಿಜ ಹೇಳಬೇಕೆಂದರೆ ಇಲ್ಲ ಅನ್ನುತ್ತಾನೆ. ಖುಷಿಪಡುವುದೇ ಅವರಿಗೆ ಮರೆತುಹೋಗಿತ್ತು, ಅದನ್ನು ನಿಧಾನಕ್ಕೆ ಮತ್ತೆ ಕಲಿಯಬೇಕಾಯಿತು ಎನ್ನುತ್ತಾರೆ ಫ್ರಾಂಕ್ಲ್.

ಕುಡಿತ ಬಿಟ್ಟವರ ಮೊದಲ ಕೆಲವು ತಿಂಗಳು ಹೀಗೇ ಇರುತ್ತವೆ. ಮಗಳು ಪಾಸಾದಳು, ಮನೆಯಲ್ಲಿ ಹೋಳಿಗೆ ಮಾಡಿದರು, ಇವರಿಗೆ ಏನೂ ಅನ್ನಿಸುವುದಿಲ್ಲ. ಅಷ್ಟು ವರ್ಷ ಮದ್ಯದ ಲೆಕ್ಕದಲ್ಲೇ ಖುಷಿಯನ್ನು ಅಳೆದ ಮೆದುಳಿಗೆ ಹಳೇ ಲಯಕ್ಕೆ ಮರಳಲು ಸಮಯ ಬೇಕು. ಆದರೆ ಅದನ್ನು ಇವರಿಗೆ ಯಾರೂ ಹೇಳಿರುವುದಿಲ್ಲ. ‘ಬಿಟ್ಟರೂ ಸುಖ ಇಲ್ಲ ಅಂದ್ಮೇಲೆ ಯಾಕೆ ಬಿಡ್ಬೇಕು?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ. ಆ ಹೊತ್ತಿಗೆ ಈ ಎರಡು ಮೂರು ಪುಟ ಕೊಟ್ಟರೆ ಓದಿ, ‘ಹೌದು ಮೇಡಂ, ಹಿಂಗೇ ಆಗ್ತಿದೆ’ ಅನ್ನುತ್ತಾರೆ. ಅಷ್ಟಾದರೆ ಮಾತು ಮುಂದೆ ಹೋಗುತ್ತದೆ. ಅದೇ ಅಧ್ಯಾಯದಲ್ಲಿ, ಬಿಡುಗಡೆಯಾದ ಗೆಳೆಯನೊಬ್ಬ ಎಳೆಯ ಪೈರಿನ ಹೊಲವನ್ನು ತುಳಿದುಕೊಂಡು ಹೋಗುವ ಪ್ರಸಂಗವೂ ಇದೆ. ಬೇಡಪ್ಪಾ ಅಂದರೆ, ನನ್ನ ಹೆಂಡತಿ ಮಗುವನ್ನೇ ಕೊಂದಿದ್ದಾರೆ, ನಾಲ್ಕು ಪೈರು ತುಳಿಯಬಾರದಾ ಅಂತ ರೇಗುತ್ತಾನೆ. ಕಷ್ಟಪಟ್ಟವರೆಲ್ಲ ತಾವಾಗಿಯೇ ಒಳ್ಳೆಯವರಾಗಿಬಿಡುತ್ತಾರೆ ಎಂದು ನಂಬುವವರು ಇದನ್ನು ಓದಬೇಕು.

ದೇವರ ವಿಷಯಕ್ಕೆ ಬಂದರೆ ಈ ಪುಸ್ತಕಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಹಿಡಿಯದಿರುವುದೇ ಒಳ್ಳೆಯದು. ಔಶ್‌ವಿಟ್ಜ್‌ನಲ್ಲಿ ಫ್ರಾಂಕ್ಲ್ ಅವರ ಕೋಟು ಕಿತ್ತುಕೊಂಡು ಸತ್ತವನೊಬ್ಬನ ಹಳೇ ಕೋಟು ಕೊಡುತ್ತಾರೆ. ಅದರ ಜೇಬಿನಲ್ಲಿ ಹೀಬ್ರೂ ಪ್ರಾರ್ಥನೆಯ ಒಂದು ಹಾಳೆ ಸಿಗುತ್ತದೆ, ಅವರಿಗೆ ಅದೊಂದು ಕರೆಯಾಗುತ್ತದೆ. ಅದೇ ಕ್ಯಾಂಪಿನಲ್ಲಿದ್ದ ಇಟಲಿಯ ರಸಾಯನಶಾಸ್ತ್ರಜ್ಞ ಪ್ರಿಮೊ ಲೆವಿ ಅವರಿಗೆ ಪ್ರಾರ್ಥನೆ ಎಂದರೆ ಸಿಟ್ಟು. ಗ್ಯಾಸ್ ಕೋಣೆಗೆ ಆಯ್ಕೆಯಾಗಲಿಲ್ಲ ಅಂತ ಮುದುಕನೊಬ್ಬ ಗಟ್ಟಿಯಾಗಿ ದೇವರಿಗೆ ಕೈಮುಗಿಯುತ್ತಾನೆ. ಪಕ್ಕದ ಮಂಚದಲ್ಲಿ, ಆಯ್ಕೆಯಾದ ಇಪ್ಪತ್ತು ವರ್ಷದ ಹುಡುಗ ದೀಪ ನೋಡುತ್ತಾ ಮಲಗಿದ್ದಾನೆ. ಲೆವಿ ಆ ಪ್ರಾರ್ಥನೆಯನ್ನು ಕ್ಷಮಿಸುವುದಿಲ್ಲ. ‘ನನಗೆ ದೇವರಲ್ಲಿ ನಂಬಿಕೆ ಇಲ್ಲ, ನಾನು ಹೆಂಗೆ ಬಿಡ್ಲಿ?’ ಎಂದು ಕೇಳುವವರಿಗೆ ನಾನು ಲೆವಿಯನ್ನು ಕೊಡುತ್ತೇನೆ, ಅದರಲ್ಲೂ ಊರಿಗೆ ಮರಳುವ ಕಥೆಯಾದ ‘ದಿ ಟ್ರೂಸ್’. 1945ರ ಅಕ್ಟೋಬರ್‌ನಲ್ಲಿ ತೂರಿನ್ ಸೇರಿದ ಮೇಲೂ ತಿಂಗಳುಗಟ್ಟಲೆ ಅವರು ನೆಲ ನೋಡಿಕೊಂಡೇ ನಡೆಯುತ್ತಿದ್ದರಂತೆ. ತಿನ್ನುವುದಕ್ಕೋ ಮಾರುವುದಕ್ಕೋ ಏನಾದರೂ ಬಿದ್ದಿದೆಯಾ ಅಂತ. ಊಟ ಮನೆಯಲ್ಲೇ ಇತ್ತು, ಕಣ್ಣಿಗೆ ಅದಿನ್ನೂ ತಿಳಿದಿರಲಿಲ್ಲ.

ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ನಮ್ಮವರ ಬಾಯಲ್ಲಿ ‘ಎಎ’, ಅದರ 1939ರ ಮೂಲ ಪುಸ್ತಕವನ್ನೂ ಈ ಸಾಲಿಗೇ ಸೇರಿಸುತ್ತೇನೆ. ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಮೊದಲ ಮಹಾಯುದ್ಧದ ಅಧಿಕಾರಿ. ಅವರ ಕಥೆ ಶುರುವಾಗುವುದೇ ಯುದ್ಧದ ದಿನಗಳಿಂದ. ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಒಂದು ಹಳೇ ಸಮಾಧಿ ಕಲ್ಲು ನೋಡುತ್ತಾರೆ, ತಣ್ಣಗಿನ ಬಿಯರ್ ಕುಡಿದು ಸತ್ತ ಸೈನಿಕನದ್ದು! ಎಚ್ಚರಿಕೆ ಕಣ್ಣೆದುರೇ ಇತ್ತು, ತಾನು ಕಿವಿಗೊಡಲಿಲ್ಲ ಎಂದು ಬರೆಯುತ್ತಾರೆ. ಈ ಪುಸ್ತಕ ದೇವರ ಬಗ್ಗೆ ಹಟ ಹಿಡಿಯುವುದಿಲ್ಲ. ನಿಮಗೆ ತಿಳಿದಂಥ ದೇವರು ಸಾಕು ಎನ್ನುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅದು ಮಲೆ ಮಹದೇಶ್ವರ, ಇನ್ನೊಬ್ಬರಿಗೆ ಗುಂಪೇ.

ಈಗ ಲೂಯಿ ಜಾಂಪೆರಿನಿ. ಲಾರಾ ಹಿಲೆನ್‌ಬ್ರಾಂಡ್ 2010ರಲ್ಲಿ ಬರೆದ ‘ಅನ್‌ಬ್ರೋಕನ್’ ಇವರ ಜೀವನಕಥೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಓಡಿದ ಅಮೆರಿಕನ್ ಹುಡುಗ. 1943ರ ಮೇ ತಿಂಗಳಲ್ಲಿ ಇವರಿದ್ದ ಬಾಂಬರ್ ವಿಮಾನ ಪೆಸಿಫಿಕ್ ಸಾಗರಕ್ಕೆ ಬೀಳುತ್ತದೆ. 47 ದಿನ ರಬ್ಬರ್ ತೆಪ್ಪದಲ್ಲಿ ತೇಲುತ್ತಾರೆ, ಜಪಾನಿಯರ ಕೈಗೆ ಸಿಗುತ್ತಾರೆ. ಮುಂದಿನ ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆ. ವಟನಾಬೆ ಎಂಬ ಕಾವಲುಗಾರ ಇವರನ್ನೇ ಹುಡುಕಿ ಹುಡುಕಿ ಹೊಡೆಯುತ್ತಾನೆ. 2014ರಲ್ಲಿ ಬಂದ ಸಿನಿಮಾ, ಯುದ್ಧ ಮುಗಿದು ಊರಿಗೆ ಮರಳಿ ಮನೆಯವರನ್ನು ತಬ್ಬಿಕೊಳ್ಳುವಲ್ಲಿಗೆ ನಿಲ್ಲುತ್ತದೆ. ಉಳಿದದ್ದೆಲ್ಲ ಕೊನೆಗೆ ಪರದೆಯ ಮೇಲೆ ನಾಲ್ಕು ಸಾಲು. ನನ್ನ ಕೆಲಸಕ್ಕೆ ಬೇಕಾದದ್ದು ಆ ನಾಲ್ಕು ಸಾಲೇ.

ಮದುವೆಯಾಗುತ್ತದೆ. ರಾತ್ರಿಯಾದರೆ ವಟನಾಬೆ ಕನಸಿಗೆ ಬರುತ್ತಾನೆ. ಕನಸು ಬರಬಾರದು ಅಂತ ಕುಡಿತ. ಜಪಾನಿಗೆ ಹೋಗಿ ಅವನನ್ನು ಕೊಲ್ಲಲು ದುಡ್ಡು ಬೇಕು ಅಂತ ಒಂದಾದ ಮೇಲೊಂದು ವ್ಯವಹಾರ, ಎಲ್ಲದರಲ್ಲೂ ನಷ್ಟ. ಒಂದು ರಾತ್ರಿ ಕನಸಿನಲ್ಲಿ ಅವನ ಕುತ್ತಿಗೆ ಹಿಸುಕುತ್ತಿದ್ದವರು ಎಚ್ಚರವಾಗಿ ನೋಡಿದರೆ ಕೈಯಲ್ಲಿದ್ದದ್ದು ಹೆಂಡತಿಯ ಕುತ್ತಿಗೆ. 1949ರಲ್ಲಿ ಲಾಸ್ ಏಂಜಲೀಸ್‌ನ ಟೆಂಟಿನಲ್ಲಿ ಕ್ರೈಸ್ತ ಧರ್ಮಬೋಧಕ ಬಿಲ್ಲಿ ಗ್ರಹಾಂ ಅವರ ಪ್ರವಚನಕ್ಕೆ ಹೆಂಡತಿ ಹಟ ಮಾಡಿ ಕರೆದೊಯ್ಯುತ್ತಾಳೆ. ಎದ್ದು ಹೋಗಬೇಕು ಅನ್ನುವ ಹೊತ್ತಿಗೆ, ಬದುಕಿಸಿದರೆ ನಿನ್ನ ಸೇವೆ ಮಾಡುತ್ತೇನೆ ಎಂದು ತೆಪ್ಪದಲ್ಲಿ ದೇವರಿಗೆ ಹೇಳಿಕೊಂಡದ್ದು ನೆನಪಾಗುತ್ತದೆ. ನಮ್ಮ ಭಾಷೆಯಲ್ಲಿ ಹರಕೆ. ಮನೆಗೆ ಬಂದು ಬಾಟಲಿಗಳನ್ನೆಲ್ಲ ಸುರಿದುಬಿಡುತ್ತಾರೆ. ಕನಸೂ ಅಲ್ಲಿಗೇ ನಿಂತಿತು ಎನ್ನುತ್ತದೆ ಪುಸ್ತಕ.

ಇಲ್ಲಿ ವೃತ್ತಿಯವಳಾಗಿ ಎರಡು ಮಾತು ಹೇಳಲೇಬೇಕು. ಅವರ ಅನುಭವ ಅವರದು, ನಾನು ಅನುಮಾನಿಸುವುದಿಲ್ಲ. ಆದರೆ ಹೆಚ್ಚಿನವರಿಗೆ ಕನಸು ಒಂದೇ ರಾತ್ರಿಗೆ ನಿಲ್ಲುವುದಿಲ್ಲ. ನಿಲ್ಲಲಿಲ್ಲ ಎಂದರೆ ಭಕ್ತಿ ಕಡಿಮೆ ಎಂದು ಅರ್ಥವಲ್ಲ. ಎರಡನೆಯದು ಇನ್ನೂ ಮುಖ್ಯ. ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಎಲ್ಲ ಶುರುವಾಗಬಹುದು. ಪ್ರಾಣಕ್ಕೇ ಅಪಾಯ. ದೇವರ ಮುಂದೆ ಆಣೆ ಮಾಡಿ, ಬೇಡ ಅನ್ನುವುದಿಲ್ಲ. ಬಾಟಲಿ ಸುರಿಯುವ ಮೊದಲು ಡಾಕ್ಟರನ್ನು ನೋಡಿ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕ್ಷಮೆಯ ಕಥೆಗಳನ್ನು ಕೊಡುವಾಗ ನಾನು ಜಿಪುಣಿ. ಹಾಲೆಂಡಿನ ಗಡಿಯಾರ ರಿಪೇರಿಯವರ ಮಗಳು, ತಾನೂ ಅದೇ ಕಸುಬು ಮಾಡುತ್ತಿದ್ದ ಕೋರಿ ಟೆನ್ ಬೂಮ್ ಮನೆಯಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಸಿಕ್ಕಿಬಿದ್ದವರು. ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಕ್ಯಾಂಪಿನಲ್ಲಿ ಸತ್ತರು. 1971ರಲ್ಲಿ ಬಂದ ‘ದಿ ಹೈಡಿಂಗ್ ಪ್ಲೇಸ್’ನಲ್ಲಿ, ಅದೇ ಕ್ಯಾಂಪಿನ ಕಾವಲುಗಾರ ಮುಂದೆ ಬಂದು ಕೈ ಚಾಚಿದ ದೃಶ್ಯ ಬಹಳ ಹೆಸರುವಾಸಿ. ಚರ್ಚುಗಳಲ್ಲಿ ಪದೇ ಪದೇ ಹೇಳುತ್ತಾರೆ. ಈಗಲೂ ಹೊಡೆಯುವ ಗಂಡನ ಜೊತೆಗಿರುವ ಹೆಂಗಸಿಗೆ ಅದನ್ನು ಕೊಡಬೇಡಿ, ದಯವಿಟ್ಟು. ಅವಳಿಗೆ ಅದು ‘ನೀನೂ ಕ್ಷಮಿಸು, ಸುಮ್ನಿರು’ ಅಂತಲೇ ಕೇಳಿಸುತ್ತದೆ. ಕೋರಿ ಆ ಕೈ ಹಿಡಿದು ಕ್ಷಮಿಸಿದ್ದು ಯುದ್ಧ ಮುಗಿದ ಮೇಲೆ.

ಅದೇ ಪುಸ್ತಕದಲ್ಲಿ ಯಾರೂ ಹೇಳದ ಇನ್ನೊಂದು ಭಾಗವಿದೆ. ಬ್ಲೂಮೆಂಡಾಲ್ ಎಂಬ ಊರಿನ ದೊಡ್ಡ ಮನೆಯೊಂದರಲ್ಲಿ ಕೋರಿ, ಕ್ಯಾಂಪುಗಳಿಂದ ಬಂದವರಿಗೆ ಆಸರೆ ಕೊಟ್ಟರು. ಅಲ್ಲಿದ್ದವರಿಗೆ ಜರ್ಮನ್ನರಿಗಿಂತ, ಶತ್ರುವಿನ ಜೊತೆ ಸೇರಿಕೊಂಡ ಸ್ವಂತ ಊರಿನವರನ್ನು ಕ್ಷಮಿಸುವುದೇ ಕಷ್ಟವಾಗುತ್ತಿತ್ತು. ಕೋರಿ ಒತ್ತಾಯ ಮಾಡುತ್ತಿರಲಿಲ್ಲ. ತೋಟದ ಕೆಲಸಕ್ಕೆ ಹಚ್ಚುತ್ತಿದ್ದರು. ಹೂವು, ತರಕಾರಿ ಬರುತ್ತಿದ್ದಂತೆ ಹಳೇ ಕಹಿಯ ಮಾತು ಕಡಿಮೆಯಾಗಿ, ನಾಳೆ ಬಿಸಿಲೋ ಮಳೆಯೋ ಎಂಬ ಮಾತು ಜಾಸ್ತಿಯಾಗುತ್ತಿತ್ತಂತೆ. ಚೇತರಿಕೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಗುರುತು ನಾನು ಬೇರೆಲ್ಲೂ ಓದಿಲ್ಲ. ನಮ್ಮ ಕೇಂದ್ರದಲ್ಲೂ ಒಬ್ಬರು ಮುಂದಿನ ವಾರದ ಬಗ್ಗೆ ತಾವಾಗಿ ಮಾತಾಡಿದರೆ ನಾನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ.

ಮನೆಯವರಿಗೆ ಅಂತ ನಾನು ಎತ್ತಿಡುವುದು ಎರಿಕ್ ಲೋಮ್ಯಾಕ್ಸ್ ಅವರ ‘ದಿ ರೈಲ್ವೇ ಮ್ಯಾನ್’, 1995ರದ್ದು. ಸಿಂಗಾಪುರ ಬಿದ್ದಾಗ ಸೆರೆಯಾದ ಬ್ರಿಟಿಷ್ ಅಧಿಕಾರಿ. ಜಪಾನಿಯರು ಕೈದಿಗಳಿಂದ ಕಟ್ಟಿಸಿದ ಥಾಯ್ಲೆಂಡ್–ಬರ್ಮಾ ರೈಲು ಹಾದಿಯ ಕ್ಯಾಂಪಿನಲ್ಲಿ ಗುಟ್ಟಾಗಿ ರೇಡಿಯೊ ಇಟ್ಟುಕೊಂಡದ್ದಕ್ಕೆ ಕೈ ಮುರಿಯುವ ಹಾಗೆ ಹೊಡೆತ ತಿಂದರು. ಆ ಹಾದಿಯಲ್ಲಿ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸೇರಿ ಏಷ್ಯಾದ ಕೆಲಸಗಾರರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸತ್ತರು. ಅವರ ಪುಸ್ತಕಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಅಲ್ವಾ?

ಲೋಮ್ಯಾಕ್ಸ್ ಊರಿಗೆ ಬಂದು ಸುಮ್ಮನಾಗಿಬಿಟ್ಟರು. ಮೊದಲ ಮದುವೆ ಉಳಿಯಲಿಲ್ಲ. ಯುದ್ಧದ ಆಘಾತದಿಂದ ಬರುವ ಈ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರು ತಮ್ಮ ಪಟ್ಟಿಗೆ ಸೇರಿಸಿದ್ದೇ 1980ರಲ್ಲಿ. ಅಲ್ಲಿಯವರೆಗೆ ಇಂಥವರೆಲ್ಲ ಬರೀ ‘ಸಿಡುಕ’ರು. ಎರಡನೇ ಹೆಂಡತಿ ಪ್ಯಾಟಿ ಬಂದ ಮೇಲೆ ಕಥೆ ತಿರುಗುತ್ತದೆ. ಸಣ್ಣ ಮಾತಿಗೂ ಕಲ್ಲಿನಂತಾಗಿಬಿಡುವ ಗಂಡನನ್ನು ಕಂಡು ಅವರು ಚಿಕಿತ್ಸೆಯ ದಾರಿ ಹುಡುಕುತ್ತಾರೆ. ಹಿಂಸೆಗೆ ಒಳಗಾದವರಿಗೆಂದೇ ಲಂಡನ್ನಿನಲ್ಲಿ ಹೆಲೆನ್ ಬಾಂಬರ್ ಕಟ್ಟಿದ್ದ ಸಂಸ್ಥೆಯಲ್ಲಿ ಲೋಮ್ಯಾಕ್ಸ್ ಮೊದಲ ಸಲ ಬಾಯಿ ಬಿಡುತ್ತಾರೆ. ರೇಡಿಯೊ ವಿಷಯಕ್ಕೆ ಜಪಾನಿಯರು ಹಿಂಸಿಸಿ ನಡೆಸಿದ ವಿಚಾರಣೆಯಲ್ಲಿ ದುಭಾಷಿಯಾಗಿದ್ದ ನಗಾಸೆ ತಕಾಶಿ ಇನ್ನೂ ಬದುಕಿದ್ದಾರೆ, ಪಶ್ಚಾತ್ತಾಪದಿಂದ ಬೌದ್ಧ ಮಂದಿರ ಕಟ್ಟಿಸಿದ್ದಾರೆ ಎಂದು ತಿಳಿದಾಗ ಮೊದಲು ಕಾಗದ ಬರೆದದ್ದೂ ಪ್ಯಾಟಿಯೇ. 1993ರಲ್ಲಿ ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಇಬ್ಬರೂ ಭೇಟಿಯಾದರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಸುಮಾರು ಐವತ್ತು ವರ್ಷ ಹಿಡಿಯಿತು, ಅದರಲ್ಲಿ ಹೆಂಡತಿಯ ದುಡಿಮೆ ಎಷ್ಟಿತ್ತು ಎನ್ನುವುದನ್ನು ಗಂಡಂದಿರು ಓದಬೇಕು. ಹೆಂಡತಿಯರಿಗೆ ಹೇಳಿಕೊಡುವುದು ಏನೂ ಇಲ್ಲ.

ಹುಡುಗನಾಗಿದ್ದಾಗ ನಾಜಿ ಕ್ಯಾಂಪುಗಳನ್ನು ಕಂಡ ಎಲೀ ವೀಸೆಲ್ ಅವರ ‘ನೈಟ್’ ಚಿಕ್ಕ ಪುಸ್ತಕ, ಅದಕ್ಕೇ ಜನ ಅದನ್ನೇ ಮೊದಲು ಕೊಡುತ್ತಾರೆ. ದೊಡ್ಡ ಪುಸ್ತಕ ಅದು, ಎರಡು ಮಾತಿಲ್ಲ. ಆದರೆ ಬಿಡುಗಡೆಯ ನಂತರದ ಹುಡುಗ ಕನ್ನಡಿಯಲ್ಲಿ ತನ್ನನ್ನು ತಾನು ಹೆಣದಂತೆ ಕಾಣುವಲ್ಲಿಗೆ ಮುಗಿಯುತ್ತದೆ. ಮುಂದಿನ ಪುಟ ಇಲ್ಲ. ಮೊದಲ ವರ್ಷ ದಾಟುವವರೆಗೆ ಕಾಯಿರಿ ಎನ್ನುತ್ತೇನೆ. ಇದ್ಯಾವುದನ್ನೂ ರಾತ್ರಿ ಮಲಗುವ ಮುಂಚೆ ಓದುವುದು ಬೇಡ. ಬಿಟ್ಟ ಹೊಸತರಲ್ಲಿ ಗಮನವೂ ನಿಲ್ಲುವುದಿಲ್ಲ, ಬೆಳಿಗ್ಗೆ ಕಾಫಿ ಆದಮೇಲೆ ಐದು ಪುಟ ಸಾಕು.

ಇಂಗ್ಲಿಷ್ ಬಾರದವರಿಗೆ, ಓದುವ ಅಭ್ಯಾಸವೇ ಇಲ್ಲದವರಿಗೆ ಗುಂಪಿನಲ್ಲಿ ನಾನೇ ಕಥೆ ಹೇಳುತ್ತೇನೆ. ಜಾಂಪೆರಿನಿಯ ಕಥೆ ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಆ ವಟನಾಬೆ ಸಿಕ್ಕಿದ್ನಾ ಮೇಡಂ?’ ಇಲ್ಲ. 1998ರಲ್ಲಿ ನಗಾನೋ ಒಲಿಂಪಿಕ್ಸ್‌ನ ಜ್ಯೋತಿ ಹಿಡಿದು ಓಡಲು ಜಾಂಪೆರಿನಿ ಜಪಾನಿಗೆ ಹೋದಾಗ, ಕ್ಷಮಿಸಿದ್ದೇನೆ ಎಂದು ಹೇಳಲು ಭೇಟಿಗೆ ಕೇಳಿದ್ದರು. ಅವನು ಒಪ್ಪಲಿಲ್ಲ. ‘ಹಂಗಾದ್ರೆ ಕ್ಷಮಿಸಿ ಏನು ಬಂತು?’ ಅಂತ ಒಬ್ಬರು, ‘ಅವ್ನು ಸಿಗೋದಕ್ಕೂ ಇವ್ರು ಕುಡಿಯೋದು ಬಿಡೋದಕ್ಕೂ ಏನು ಸಂಬಂಧ ಬಿಡ್ರಿ’ ಅಂತ ಇನ್ನೊಬ್ಬರು. ಆಮೇಲೆ ನಾನು ಮಾತಾಡುವ ಅಗತ್ಯ ಇರುವುದಿಲ್ಲ.